ಅತ್ತೆಯ ಆಶೀರ್ವಾದ, ಆರು ಜನ ಮಾತ್ರ

ದೋಣಿಯ ತಳದಲ್ಲಿ ಒಂದು ತೂತು ಇರುತ್ತದೆ. ದಡಕ್ಕೆ ಎಳೆದಾಗ ಒಳಗೆ ನಿಂತ ನೀರು ಹರಿದುಹೋಗಲಿ ಅಂತ. ಆ ತೂತಿಗೆ ಬಡಿಯುವ ಮರದ ತುಂಡಿಗೆ ನಮ್ಮೂರಲ್ಲಿ ಒಂದು ಹೆಸರಿತ್ತು. ಬಿರಡೆ... ಅಲ್ಲ. ಗೂಟ... ಛೆ, ಗೂಟ ಎಮ್ಮೆ ಕಟ್ಟುವುದಕ್ಕೆ. ನಾಲಿಗೆಯ ತುದಿಗೆ ಬಂದು ವಾಪಸ್ಸು ಹೋಗುತ್ತದೆ. ನಾನು ಹುಟ್ಟಿದ್ದು ಕುಂದಾಪುರದ ಕಡೆ, ಹೊಳೆ ಕಡಲು ಸೇರುವಲ್ಲಿ. ಶಾಲೆಗೆ ಹೋಗುತ್ತಿದ್ದದ್ದೇ ದೋಣಿಯಲ್ಲಿ. ಮದುವೆಯಾಗಿ ಘಟ್ಟ ಹತ್ತಿ ಶಿವಮೊಗ್ಗದ ದುರ್ಗಿಗುಡಿಗೆ ಬಂದಮೇಲೆ ಐವತ್ತೈದು ವರ್ಷ ಬಸ್ಸು, ಆಟೋ ಬಿಟ್ಟು ಬೇರೇನೂ ಹತ್ತಿದವಳಲ್ಲ. ಈಗ ಭದ್ರಾವತಿಯಲ್ಲಿ ಮಗಳ ಮನೆಯಲ್ಲಿದ್ದೇನೆ. ಇರಲಿ, ಸದ್ಯಕ್ಕೆ ಬೂಚು ಅನ್ನೋಣ.

ಈ ಮನೆಯಲ್ಲಿ ನಗೆಪಾಟಲಿಗೆ ಬರವಿಲ್ಲ. ಒಂದು ಮುಗಿಯಿತು ಅಂತ ಉಸಿರು ಬಿಡುವುದರೊಳಗೆ ಇನ್ನೊಂದು ಚಪ್ಪಲಿ ಕಳಚಿ ಒಳಗೆ ಬಂದಿರುತ್ತದೆ. ಆದರೆ ಕಳೆದ ಬೇಸಿಗೆಯಲ್ಲಿ ನಡೆದದ್ದಕ್ಕೆಲ್ಲ ಕಾರಣ ನಾನೇ. ಒಂದು ಬೆಳಿಗ್ಗೆ ಉಪ್ಪಿಟ್ಟು ತಿನ್ನುತ್ತಾ, "ಕಣ್ಣು ಮುಚ್ಚೋದರೊಳಗೆ ಒಂದು ಸಲ ದೋಣಿಯಲ್ಲಿ ಕೂರಬೇಕು" ಅಂದುಬಿಟ್ಟೆ. ಉಪ್ಪು ಕಡಿಮೆಯಾಗಿದೆ ಅನ್ನುವಷ್ಟೇ ಹಗುರವಾಗಿ ಅಂದದ್ದು. ಅಳಿಯಂದಿರು ಕಾರ್ಖಾನೆಯಲ್ಲಿ ವೆಲ್ಡಿಂಗ್ ಮಾಡಿ ನಿವೃತ್ತರಾದವರು, ಕೈ ಸುಮ್ಮನಿರದು. ನಾಲ್ಕು ತಿಂಗಳಲ್ಲಿ ಅಂಗಳದಲ್ಲೇ ತಗಡಿನ ದೋಣಿ ಕಟ್ಟಿ, ಹಿಂದೆ ಸಣ್ಣದೊಂದು ಪೆಟ್ರೋಲ್ ಮೋಟಾರು ಕೂರಿಸಿದರು. ತಳದ ತೂತಿಗೆ ಮಾತ್ರ ನಾನು ಹಟ ಹಿಡಿದು ಮರದ ಬೂಚು ಮಾಡಿಸಿದೆ. ಮರವಾದರೆ ನೀರು ಕುಡಿದು ಉಬ್ಬಿ ಬಿಗಿಯಾಗುತ್ತದೆ.

ದೋಣಿ ಇದ್ದರೆ ಸಾಲದಂತೆ. ನೋಂದಣಿ ಬೇಕು, ನಂಬರ್ ಬರೆಸಬೇಕು, ಜೀವ ಉಳಿಸುವ ಸಾಮಾನೆಲ್ಲ ಇರಬೇಕು. ಪರೀಕ್ಷೆಯ ಸಾಹೇಬರು ನೋಡಿ ಸಹಿ ಹಾಕುವವರೆಗೆ ನೀರಿಗೆ ಇಳಿಸುವಂತಿಲ್ಲ. ಮಳೆ ಹಿಡಿದರೆ ಆ ವರ್ಷದ ಆಸೆ ಬಿಟ್ಟಂತೆ. ನನಗೆ ಎಪ್ಪತ್ತೊಂಬತ್ತು. ಮುಂದಿನ ಬೇಸಿಗೆಯನ್ನು ನಾನು ಅಷ್ಟಾಗಿ ನಂಬುವುದಿಲ್ಲ.

ಬೋಳು ಬೆನ್ನು

ನಂಬರ್ ದೋಣಿಯ ಮೂತಿಯ ಎರಡೂ ಪಕ್ಕದಲ್ಲಿ, ದೂರಕ್ಕೆ ಕಾಣುವ ಹಾಗೆ ದಪ್ಪ ಅಕ್ಷರದಲ್ಲಿ ಇರಬೇಕು. ಅಳಿಯಂದಿರು ದೋಣಿಯನ್ನು ಟ್ರ್ಯಾಕ್ಟರಿನ ಟ್ರೇಲರ್ ಮೇಲೆ ಹೇರಿಕೊಂಡು ಶಿವಮೊಗ್ಗಕ್ಕೆ, ಸವಳಂಗ ರಸ್ತೆಯ ಪೇಂಟರ್ ಹತ್ತಿರ ಒಯ್ದರು. ಆತ ಜೀವಮಾನವೆಲ್ಲ ಲಾರಿಗೆ ಬರೆದವನು. ಇವರು ಕಾಫಿ ಕುಡಿದು ಬರುವಷ್ಟರಲ್ಲಿ ಎರಡೂ ಪಕ್ಕ ನಂಬರ್ ಮುತ್ತಿನ ಹಾಗೆ ಕೂತಿತ್ತು. ಹಿಂದುಗಡೆ ನೋಡಿದರೆ: "ಹಾರ್ನ್ ಮಾಡಿ. ಅಂತರ ಕಾಪಾಡಿ. ವೇಗ 40 ಕಿ.ಮೀ. ತಾಯಿಯ ಆಶೀರ್ವಾದ."

"ಇದು ದೋಣಿ ಕಣಯ್ಯ!"

"ಗೊತ್ತು ಸಾರ್. ಹಿಂದೆ ಖಾಲಿ ಬಿಟ್ರೆ ಗಾಡಿ ಬೋಳು ಬೋಳು ಕಾಣುತ್ತೆ."

"ನೀರಲ್ಲಿ ಹಾರ್ನ್ ಯಾರು ಮಾಡ್ತಾರೆ ಮಾರಾಯ?"

"ಮಾಡ್ದೇ ಇರೋದಕ್ಕೇ ಅಲ್ವಾ ಸಾರ್ ಬರೆಯೋದು?"

ಮೊದಲ ಪರೀಕ್ಷೆಗೆ ಬಂದ ಸಾಹೇಬರು ದೋಣಿಯ ಹಿಂದೆ ನಿಂತು ಎಲ್ಲವನ್ನೂ ನಿಧಾನವಾಗಿ ಓದಿದರು. "ಆಶೀರ್ವಾದ ಇರಲಿ, ಉಳಿದದ್ದು ಅಳಿಸಿ. ಎಷ್ಟು ಜನ ಕೂರಬಹುದು ಅನ್ನೋದನ್ನೇ ಬರೆದಿಲ್ಲ, ಅದನ್ನ ಬರೆಸಿ" ಅಂದು ಹೊರಟರು. ದೋಣಿ ಮತ್ತೆ ಸವಳಂಗ ರಸ್ತೆಗೆ ಹೋಯಿತು. ಪೇಂಟರ್ ಕುಂಚ ಅದ್ದುತ್ತಾ ಕೇಳಿದನಂತೆ, "ತಾಯಿ ಊರಲ್ಲಿದ್ದಾರಾ ಸಾರ್?"

"ತಾಯಿ ಇಲ್ಲಪ್ಪ. ಈ ದೋಣಿ ಮಾಡಿದ್ದು ನಮ್ಮತ್ತೆಗೆ."

ಆತ 'ತಾಯಿಯ' ಅನ್ನುವುದನ್ನು ಒರೆಸಿ 'ಅತ್ತೆಯ' ಅಂತ ಬರೆದ. "ನಲವತ್ತು ವರ್ಷಕ್ಕೆ ಇದೇ ಮೊದಲು ಸಾರ್, ಫೋಟೋ ತಗೊಳ್ಳಲಾ?"

ಟವೆಲ್

"ಆರು ಜನ ಮಾತ್ರ" ಅಂತ ಬರೆಸಿಕೊಂಡು ದೋಣಿ ಅಂಗಳಕ್ಕೆ ಬಂತು. ಅದನ್ನು ನೋಡಲು ಅಳಿಯಂದಿರ ಅಕ್ಕ ಬಂದರು. ಓದಿದರು, ಬೆರಳು ಮಡಚಿ ಎಣಿಸಿದರು.

"ನಾವು ಒಂಬತ್ತು ಜನ ಆಗ್ತೀವಲ್ಲೋ."

"ಆರೇ ಅಕ್ಕ. ಕಾನೂನು."

"ಮಕ್ಕಳನ್ನ ಯಾರಾದ್ರೂ ಎಣಿಸ್ತಾರಾ? ತೊಡೆ ಮೇಲೆ ಕೂರಿಸ್ಕೊಂಡ್ರೆ ಆಯ್ತು."

ಅವರು ಹೇಳಿದ ಮಕ್ಕಳಲ್ಲಿ ಒಬ್ಬ ಶಂಕರಘಟ್ಟದಲ್ಲಿ ಎಂ.ಎ. ಓದುತ್ತಿದ್ದಾನೆ, ಇನ್ನೊಬ್ಬನಿಗೆ ನಿಶ್ಚಿತಾರ್ಥ ಆಗಿದೆ.

"ಬಸ್ಸಲ್ಲಿ ಮೂರು ಜನರ ಸೀಟಲ್ಲಿ ನಾಲ್ಕು ಜನ ಕೂರಲ್ವಾ? ಸ್ವಲ್ಪ ಆಕಡೆ ಈಕಡೆ ಸರಿದ್ರೆ ಜಾಗ ತಾನಾಗೇ ಆಗುತ್ತೆ" ಅಂದವರೇ, ಚೀಲದಿಂದ ಒಂದು ಟವೆಲ್ ತೆಗೆದು ದೋಣಿಯ ಮುಂದಿನ ಸೀಟಿನ ಮೇಲೆ ಹಾಸಿ ಸೀಟು ಹಿಡಿದು ಊರಿಗೆ ಹೋದರು. ದೋಣಿಗೆ ಇನ್ನೂ ಪರ್ಮಿಟ್ ಇಲ್ಲ, ಅದು ನಿಂತಿರುವುದು ನಮ್ಮ ತುಳಸಿ ಕಟ್ಟೆಯ ಪಕ್ಕ. ಆದರೂ ದಿನಾ ಬೆಳಿಗ್ಗೆ ಫೋನು: "ನನ್ನ ಟವೆಲ್ ಮೇಲೆ ಯಾರೂ ಕೂತಿಲ್ಲ ತಾನೇ?"

ಭದ್ರವಾಗಿದೆ

ಎರಡನೇ ಪರೀಕ್ಷೆ ಶಂಕರಘಟ್ಟದ ಆಚೆ, ನೆಂಟರ ಗದ್ದೆಯ ಪಕ್ಕದ ಹಿನ್ನೀರಿನ ದಡದಲ್ಲಿ. ಸಾಹೇಬರು ಪಟ್ಟಿ ಹಿಡಿದು ಒಂದೊಂದೇ ಕೇಳಿದರು. ಹಗ್ಗ? ಇದೆ. ನೀರು ಹೊರಗೆ ಚೆಲ್ಲುವ ಬಕೆಟ್ಟು? ಇದೆ. ಬೆಂಕಿ ಆರಿಸುವ ಕೆಂಪು ಸಿಲಿಂಡರ್? ಇದೆ. "ಸುತ್ತ ಇಷ್ಟು ನೀರಿದೆಯಲ್ಲಪ್ಪ, ಇದ್ಯಾಕೆ?" ಅಂತ ನಾನು ಕೇಳಿದೆ. ಪೆಟ್ರೋಲ್ ಬೆಂಕಿ ನೀರಿಗೆ ಆರುವುದಿಲ್ಲ ಅಜ್ಜಿ, ಇನ್ನೂ ಹರಡುತ್ತದೆ ಅಂತ ತಾಳ್ಮೆಯಿಂದ ಹೇಳಿದರು. ಒಳ್ಳೆಯ ಮನುಷ್ಯ.

"ಲೈಫ್ ಜಾಕೆಟ್?"

"ಇದೆ ಸಾರ್, ಆರೂ ಭದ್ರವಾಗಿದೆ" ಅಂದಳು ನನ್ನ ಮಗಳು.

"ಎಲ್ಲಿ?"

"ಬೀರುವಿನಲ್ಲಿ."

"ಬೀರು ಎಲ್ಲಿ?"

"ಭದ್ರಾವತಿಯಲ್ಲಿ, ನಮ್ಮನೇಲಿ. ಕೀ ಇಲ್ಲೇ ಇದೆ ಸಾರ್" ಅಂತ ಸೊಂಟ ಮುಟ್ಟಿ ತೋರಿಸಿದಳು.

ಸಾಹೇಬರು ಕನ್ನಡಕ ತೆಗೆದು ಒರೆಸಿಕೊಂಡರು. "ಅಂದ್ರೆ ಮುಳುಗೋರು ಮೊದಲು ಭದ್ರಾವತಿಗೆ ಹೋಗಿ ಬೀರು ತೆಗೆಸ್ಕೊಂಡು ಬರಬೇಕಾ ತಾಯಿ?"

"ಹೊಸಾದು ಸಾರ್. ಸುಮ್ನೆ ತಂದು ಒದ್ದೆಯಾಗಿಬಿಟ್ರೆ?"

ಮೂರು ವಿಷಲ್

ಪ್ರತಿ ಜಾಕೆಟ್ಟಿಗೂ ಒಂದೊಂದು ವಿಷಲ್ ಇರುತ್ತದೆ, ಅಪಾಯವಾದಾಗ ಊದುವುದಕ್ಕೆ. ಮೂರನೇ ಪರೀಕ್ಷೆಯ ಮುಂಚಿನ ದಿನ ಅಳಿಯಂದಿರು ನಡುಮನೆಯಲ್ಲಿ ಕೂತು ಒಂದೊಂದನ್ನೇ ಊದಿ ನೋಡಿದರು. ಅಡುಗೆಮನೆಯಲ್ಲಿ ಕುಕ್ಕರ್ ಆಗತಾನೇ ಒಲೆ ಏರಿತ್ತು. ಮಗಳು ಸೊಪ್ಪು ಬಿಡಿಸುತ್ತಾ ಎಣಿಸಿದಳು, ಒಂದು, ಎರಡು, ಮೂರು, ಎದ್ದು ಒಲೆ ಆರಿಸಿದಳು. ಆ ದಿನದ ಸಾರಿನ ಬೇಳೆಯಲ್ಲಿ ಚೌಕಾಬಾರ ಆಡಬಹುದಿತ್ತು.

"ಅಪಾಯಕ್ಕೆ ಅಂತ ಕೊಟ್ಟಿರೋದು ರೀ ಅದು" ಅಂದಳು ಮಗಳು, ತಟ್ಟೆ ಬಡಿಸುತ್ತಾ. "ಅಪಾಯ ತರೋದಕ್ಕಲ್ಲ."

ಪ್ರಸಾದ

ಮೂರನೇ ಪರೀಕ್ಷೆ. ಆಕಾಶದ ಒಂದು ಮೂಲೆ ಆಗಲೇ ಕಪ್ಪಗಿತ್ತು. ಈ ಸಲ ತಪ್ಪಿದರೆ ಇಲ್ಲ ಅಂತ ಎಲ್ಲರಿಗೂ ಗೊತ್ತಿತ್ತು, ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಎರಡು ಸಲ ಹೀಗಾದದ್ದು ಪೂಜೆ ಮಾಡಿಸದೆ ಅಂತ ಮಗಳು ಭಟ್ಟರನ್ನೂ ದಡಕ್ಕೆ ಕರೆಸಿದಳು. ಭಟ್ಟರಿಗೆ ಕಾರು, ಟ್ರ್ಯಾಕ್ಟರ್ ಪೂಜೆ ಗೊತ್ತು. "ನಿಂಬೆಹಣ್ಣು ಯಾವ ಚಕ್ರಕ್ಕೆ ಇಡೋದು?" ಅಂತ ದೋಣಿಗೆ ಒಂದು ಸುತ್ತು ಬಂದು, ಕೊನೆಗೆ ಅದನ್ನು ಹೊತ್ತ ಟ್ರೇಲರ್ ಚಕ್ರಕ್ಕೇ ಇಟ್ಟರು. ಆಮೇಲೆ ದೋಣಿಯೊಳಗೆ ಐದು ಕೊಡ ನೀರಿನ ಅಭಿಷೇಕ.

ಆ ನೀರು ಹರಿದುಹೋಗಲಿ ಅಂತ ಅಳಿಯಂದಿರು ಬೂಚು ಕಿತ್ತರು. ಅದೂ ದೋಣಿಯ ಅಂಗವಲ್ಲವೇ, ಮಗಳು ಅದಕ್ಕೂ ಅರಿಸಿನ ಕುಂಕುಮ ಹಚ್ಚಿ ಪೂಜೆಯ ತಟ್ಟೆಯಲ್ಲಿಟ್ಟಳು. ಭಟ್ಟರು ತಟ್ಟೆಯಲ್ಲಿದ್ದದ್ದನ್ನೆಲ್ಲ ಚೀಲಕ್ಕೆ ತುಂಬಿಕೊಂಡು ಬೈಕು ಹತ್ತಿದರು.

ಸಾಹೇಬರು ಬಂದರು. ನಂಬರ್ ಸರಿ, ಆರು ಜನ ಸರಿ, ಜಾಕೆಟ್, ವಿಷಲ್, ಹಗ್ಗ, ಬಕೆಟ್ಟು, ಸಿಲಿಂಡರ್ ಎಲ್ಲ ಸರಿ. "ಒಂದು ಸುತ್ತು ಹೋಗಿ ಬರೋಣ, ಸಹಿ ಹಾಕ್ತೀನಿ. ಬನ್ನಿ ಅಜ್ಜಿ" ಅಂದರು. ಅವರು, ಅಳಿಯಂದಿರು, ಮೊಮ್ಮಗಳು, ನಾನು ಹತ್ತಿದೆವು. ಜಾಕೆಟ್ಟಿನ ಪ್ಲಾಸ್ಟಿಕ್ ಕವರ್ ತೆಗೆಯಲು ಮಗಳು ಒಪ್ಪಿರಲಿಲ್ಲ; ಕತ್ತು, ಕೈ ತೂರುವಷ್ಟು ಕತ್ತರಿಸಿ ಕೊಟ್ಟಿದ್ದಳು. ನಾವು ಕದಲಿದರೆ ಬೇಕರಿಯಲ್ಲಿ ಬ್ರೆಡ್ ಕಟ್ಟಿದಂತೆ ಸದ್ದು. ನಾನು ಮುಂದಿನ ಸೀಟಿನಲ್ಲಿ, ಟವೆಲ್ ಮೇಲೆಯೇ ಕೂತೆ.

ಟ್ರ್ಯಾಕ್ಟರ್ ಹಿಂದೆ ಸರಿಯಿತು, ದೋಣಿ ನೀರಿಗೆ ಜಾರಿತು. ಸ್ವಲ್ಪ ದೂರ ಹೋಗುವಷ್ಟರಲ್ಲಿ ಪಾದ ತಣ್ಣಗಾಯಿತು. ಐವತ್ತೈದು ವರ್ಷದ ಮೇಲೆ ಕಾಲಿಗೆ ಹೊಳೆ ನೀರು ತಾಗಿತಲ್ಲ ಅಂತ ನನ್ನ ಕಣ್ಣು ತುಂಬಿ ಬಂತು. ಆಮೇಲೆ ಹೊಳೆಯಿತು, ನನ್ನ ಕಾಲು ಇರುವುದು ದೋಣಿಯೊಳಗೆ.

"ಬೂಚು ಎಲ್ಲಿ?" ಅಂದೆ.

"ತಟ್ಟೆಯಲ್ಲಿ ಅತ್ತೆ."

"ತಟ್ಟೆಯದ್ದೆಲ್ಲ ಎಲ್ಲಿ?"

ಅಳಿಯಂದಿರು ಭಟ್ಟರು ಹೋದ ರಸ್ತೆಯ ಕಡೆ ನೋಡಿದರು.

ನಾನು ಹಿಮ್ಮಡಿಯನ್ನು ತೂತಿನ ಮೇಲೆ ಒತ್ತಿ, ಕೆಳಗಿದ್ದ ಟವೆಲ್ ಎಳೆದು ತುರುಕಿದೆ. ಆದರೂ ನೀರು ಬಂತು. ಮೊಮ್ಮಗಳು ಬಕೆಟ್ಟಿನಲ್ಲಿ ಚೆಲ್ಲಿದಳು. ಮೋಟಾರು ಕೆಮ್ಮಿ ನಿಂತಿತು. ಸಾಹೇಬರು ಒಂದು ಕೈಯಲ್ಲಿ ಫೈಲು ತಲೆಯ ಮೇಲೆ ಹಿಡಿದು, ಇನ್ನೊಂದು ಕೈಯಲ್ಲಿ ವಿಷಲ್ ತೆಗೆದು ಜೋರಾಗಿ ಮೂರು ಸಲ ಊದಿದರು.

ದಡದಲ್ಲಿ ನಮಗೆ ಬೆನ್ನು ಹಾಕಿ ಪಲಾವ್ ಮಾಡುತ್ತಿದ್ದ ಮಗಳು ಎದ್ದು ಸ್ಟವ್ ಆರಿಸಿದಳು.

ಪುಣ್ಯಕ್ಕೆ ದೋಣಿ ತಳ ಮುಟ್ಟಿದ್ದು ಸೊಂಟದಷ್ಟು ನೀರಿನಲ್ಲಿ. ಹಗ್ಗ ಎಸೆದೆವು, ಟ್ರ್ಯಾಕ್ಟರ್ ಎಳೆಯಿತು. ನಾವು ನಾಲ್ವರೂ ತೊಟ್ಟಿಕ್ಕುತ್ತಾ ದಡ ಹತ್ತಿದರೆ ಮಗಳು ಓಡಿ ಬಂದಳು: "ಅಯ್ಯೋ, ಜಾಕೆಟ್ ಒದ್ದೆಯಾಗಲಿಲ್ಲ ತಾನೇ?"

ಅಳಿಯಂದಿರು ನನ್ನ ಮುಖ ನೋಡಲಿಲ್ಲ. ಭಟ್ಟರಿಗೆ ಫೋನ್ ಮಾಡಿದರು, ಸ್ಪೀಕರಿನಲ್ಲಿ ನಮಗೂ ಕೇಳಿಸಿತು. "ಹೌದು, ಒಂದು ಮರದ ಮೂರ್ತಿ ಬಂದಿದೆ" ಅಂದರು ಭಟ್ಟರು. "ಕುಂಕುಮ ಇತ್ತು, ನಿಮ್ಮ ಮನೆದೇವರಿರಬೇಕು ಅಂತ ನಮ್ಮ ದೇವರ ಮನೆಯಲ್ಲಿಟ್ಟು ದಾಸವಾಳ ಏರಿಸಿದ್ದೀನಿ. ಯಾಕೆ?"

ಸಾಹೇಬರು ಹೋಗಬಹುದಿತ್ತು. ಹೋಗಲಿಲ್ಲ. ಪ್ಯಾಂಟು ಹಿಂಡಿಕೊಂಡು ಬಂಡೆಯ ಮೇಲೆ ಕೂತು ಅರೆಬೆಂದ ಪಲಾವ್ ಮರುಮಾತಿಲ್ಲದೆ ತಿಂದರು. "ಹಗ್ಗ, ಬಕೆಟ್ಟು, ಜಾಕೆಟ್ಟು, ವಿಷಲ್, ಎಲ್ಲ ಕೆಲಸ ಮಾಡುತ್ತೆ. ಇಷ್ಟು ಚೆನ್ನಾಗಿ ಯಾರೂ ತೋರಿಸಿರಲಿಲ್ಲ" ಅಂದರು. ಭಟ್ಟರು ದಾಸವಾಳದ ಸಮೇತ ಬೂಚು ತಂದರು. ನಾನೇ ಬಡಿದೆ. ಅಳಿಯಂದಿರು ಮೋಟಾರು ಬಿಚ್ಚಿ ಒಣಗಿಸಿದರು. ಸಂಜೆ ಒಂದು ಪೂರ್ತಿ ಸುತ್ತು ಹೋದೆವು. ಅದರ ಬಗ್ಗೆ ತಮಾಷೆಯದು ಏನೂ ಇಲ್ಲ, ಅದಕ್ಕೇ ಇಲ್ಲಿ ಹೇಳುವುದಿಲ್ಲ.

ಸಹಿ ಹಾಕುವಾಗ ನಾನು ಕೇಳಿದೆ, "ನಿಮ್ಮ ಪಟ್ಟಿಯಲ್ಲಿ ಬೂಚು ಇಲ್ವೇನಪ್ಪ?"

ಸಾಹೇಬರು ಹಾಳೆ ಹಿಂದೆ ಮುಂದೆ ತಿರುಗಿಸಿದರು. "ಇದಕ್ಕೆ ಕಾಲಂ ಕೊಟ್ಟಿಲ್ಲ ಅಜ್ಜಿ."

ಮರುದಿನ ಮನೆಯಲ್ಲಿ ಉಳಿದಿದ್ದ ಪೇಂಟಿನ ಡಬ್ಬಿ ತೆಗೆಸಿ ಮೊಮ್ಮಗಳನ್ನು ಕರೆದೆ. ಅವಳ ಅಕ್ಷರ ದುಂಡಗಿದೆ. ನಮ್ಮೂರಿನ ಆ ಪದ ಆಗಲೂ ನೆನಪಿಗೆ ಬರಲಿಲ್ಲ. ಪರವಾಗಿಲ್ಲ, ಓದುವವರಿಗೆ ಗೊತ್ತಾದರೆ ಸಾಕು.

"ಎಲ್ಲಿ ಬರೀಲಿ ಅಜ್ಜಿ?"

"ಹಿಂದೆ 'ಅತ್ತೆಯ ಆಶೀರ್ವಾದ' ಅಂತ ಇದೆಯಲ್ಲ, ಸರಿಯಾಗಿ ಅದರ ಕೆಳಗೆ."

"ಏನಂತ?"

"ಬರಿ ಮಗಾ: 'ಆದರೂ ಬೂಚು ಹಾಕಿ.'"