ಕೆಂಪು ಪೆಟ್ಟಿಗೆಯ ಪುರವಣಿ

2003ನೆಯ ಇಸವಿ ಜುಲೈ 14, ಸೋಮವಾರ ಬೆಳಿಗ್ಗೆ, ಒಹಾಯೋದ ಬ್ರಿಂಡಲ್ ಕ್ರೀಕ್ ಪಟ್ಟಣದ ಸಾರ್ವಜನಿಕ ಕಾಲುದಾರಿಯ ಮೇಲೆ, ನಿವೃತ್ತ ತೂಕ-ಅಳತೆ ಇನ್‌ಸ್ಪೆಕ್ಟರ್ ಹಾರ್ಲನ್ ವಾಸ್ಲರ್ ಅವರ ಎಡ ಮೊಣಕಾಲಿಗೆ ಘೋರ ಅನ್ಯಾಯವಾಯಿತು. ಅನ್ಯಾಯವೆಸಗಿದ್ದು ಒಂದು ಪತ್ರಿಕಾ ಪೆಟ್ಟಿಗೆ. (ವಾಸ್ಲರ್ ಅವರೇ ಹೋಗಿ ಪೆಟ್ಟಿಗೆಗೆ ಢಿಕ್ಕಿ ಹೊಡೆದರೆಂದು ಅವರ ಪತ್ನಿ ಲೊರೇನ್ ಹೇಳುವುದುಂಟು. ಆದರೆ ಆಕೆ ಆಗ ಅಡುಗೆಮನೆಯಲ್ಲಿದ್ದರು, ಪ್ರತ್ಯಕ್ಷ ಸಾಕ್ಷಿಯಲ್ಲ.)

ಮನೆ ಮಾರಾಟದ ಜಾಹೀರಾತುಗಳನ್ನು ಪುಕ್ಕಟೆಯಾಗಿ ಹಂಚುತ್ತಿದ್ದ ವಾರಪತ್ರಿಕೆಯೊಂದರ ಕೆಂಪು ತಗಡಿನ ಪೆಟ್ಟಿಗೆ ಅದು. ಪತ್ರಿಕೆ ಚಳಿಗಾಲದಲ್ಲೇ ಕಣ್ಣುಮುಚ್ಚಿತ್ತು. ಪೆಟ್ಟಿಗೆ ಮಾತ್ರ ವಾಸ್ಲರ್ ಅವರ ಮನೆಯೆದುರಿನ ಮೇಪಲ್ ಮರಕ್ಕೆ ಸರಪಳಿ ಬಿಗಿಸಿಕೊಂಡು, ನೆಂಟರು ಬಿಟ್ಟುಹೋದ ನಾಯಿಯಂತೆ ನಿಂತೇ ಇತ್ತು. ವಾಸ್ಲರ್ ಅವರು ಮೊಣಕಾಲನ್ನು ಉಜ್ಜಿಕೊಳ್ಳುವುದಕ್ಕೂ ಮೊದಲು ಜೇಬಿನಿಂದ ಅಳತೆ ಟೇಪು ಹೊರತೆಗೆದರು. ಪೆಟ್ಟಿಗೆಯ ಬಾಗಿಲು ತೆರೆದು ತಪಾಸಣೆಯನ್ನೂ ನಡೆಸಿದರು. ಒಳಗೆ ಬಾಡಿದ ಹಳದಿ ಹೂವೊಂದರ ಹೊರತು ಏನೂ ಇರಲಿಲ್ಲ. ಅದನ್ನವರು 'ಕಸ' ಎಂಬ ವರ್ಗಕ್ಕೆ ಸೇರಿಸಿದರು. ಅವರ ವೃತ್ತಿಜೀವನದ ಏಕೈಕ ಲೋಪ ಅದು ಎಂದು ಈಗ ಹೇಳಬಹುದು.

"ಬೆಂಕಿ ಆರಿಸೋ ಹೈಡ್ರೆಂಟಿನಿಂದ ಐದು ಅಡಿ ದೂರ ಇರಬೇಕು. ಇದು ನಾಲ್ಕೂವರೆ," ಎಂದು ಒಳಬಂದು ಘೋಷಿಸಿದರು.

"ಅರ್ಧ ಅಡಿಗೆ ಇಷ್ಟು ರಂಪಾನಾ?" ಎಂದರು ಲೊರೇನ್.

"ಪೆಟ್ರೋಲ್ ಬಂಕಿನವರು ನನ್ನ ಸರ್ವೀಸು ಪೂರ್ತಿ ಹೇಳ್ತಿದ್ದದ್ದೂ ಇದೇ ಮಾತು, ಲೊರೇನ್. ಒಂದು ಲೋಟ ಪೆಟ್ರೋಲಿಗೆ ಇಷ್ಟು ರಂಪಾನಾ ಅಂತ."

"ಆ ಬಂಕಿನವರ ಮೇಲೆ ನನಗೆ ಈಗ ಕನಿಕರ ಬರ್ತಾ ಇದೆ."

"ಮರಕ್ಕೆ ಸರಪಳಿ ಹಾಕಬಾರದು, ಹಾಕಿದಾರೆ. ಬಣ್ಣ ಕಂದು ಇರಬೇಕು, ಕೆಂಪಿದೆ. ಹೋಗಲಿ, ಪೆಟ್ಟಿಗೇಲಿ ಪತ್ರಿಕೆಯಾದ್ರೂ ಬೇಡ್ವಾ?"

"ಅದರ ಪಾಡಿಗೆ ಅದು ನಿಂತಿದೆ. ನಿನ್ನ ಹತ್ರ ಊಟ ಕೇಳ್ತಾ?"

ಈ ಕೊನೆಯ ವಾಕ್ಯದ ಆಳ ವಾಸ್ಲರ್ ಅವರಿಗೆ ಅಂದು ತಿಳಿಯಲಿಲ್ಲ.

ಕಾಲುದಾರಿಯ ಪತ್ರಿಕಾ ಪೆಟ್ಟಿಗೆಗಳ ನಿಯಮಾವಳಿಯನ್ನು ನಗರಸಭೆ ಅದೇ ವಸಂತದಲ್ಲಿ ಜಾರಿಗೆ ತಂದಿತ್ತು. ಅದರ ಸಾರ್ವಜನಿಕ ವಿಚಾರಣೆಗೆ ಹಾಜರಾಗಿದ್ದ ಸಮಸ್ತ ಸಾರ್ವಜನಿಕರೆಂದರೆ ವಾಸ್ಲರ್ ಒಬ್ಬರೇ. ಈಗ ಅವರು ನಗರಸಭೆಗೆ ಹೋಗಿ, ಪರವಾನಗಿ ವಿಭಾಗದ ಗುಮಾಸ್ತೆ ರೆನೀ ಪಾಸ್ಕೋ ಎದುರು ನಿಂತು ನಿಯಮಗಳನ್ನು ಒಂದೊಂದಾಗಿ ಪಠಿಸಿದರು. ಅಚ್ಚಾದ ಕಾಗದದ ಹೊರತು ಬೇರೇನನ್ನೂ ಪೆಟ್ಟಿಗೆಯಲ್ಲಿ ಇಡತಕ್ಕದ್ದಲ್ಲ ಎಂಬ ಏಳನೆಯ ಕಲಮನ್ನು ಎರಡು ಸಲ ಪಠಿಸಿದರು. ರೆನೀ ಆಕಳಿಕೆಯನ್ನು ಸಭ್ಯವಾಗಿ ನುಂಗಿ, ಪೆಟ್ಟಿಗೆಯ ಮೇಲೆ ಕಿತ್ತಳೆ ಬಣ್ಣದ ನೋಟೀಸು ಅಂಟಿಸಿದಳು: ಹತ್ತು ದಿನದೊಳಗೆ ಒಯ್ಯದಿದ್ದಲ್ಲಿ ವಾರಸುದಾರರಿಲ್ಲದ್ದೆಂದು ಪರಿಗಣಿಸಲಾಗುವುದು.

ಆಗಸ್ಟ್ ಒಂದರಂದು ನಗರಸಭೆಯ ಲಾರಿ ಬಂದು ಪೆಟ್ಟಿಗೆಯನ್ನು ಹೊತ್ತೊಯ್ದಿತು. ವಾಸ್ಲರ್ ಅವರು ವರಾಂಡದಲ್ಲಿ ಕಾಫಿ ಹಿಡಿದು ನೆಟ್ಟಗೆ ನಿಂತು ಆ ಮೆರವಣಿಗೆಯನ್ನು ಬೀಳ್ಕೊಟ್ಟರು.

ಅಂದು ಸಂಜೆ ತಟ್ಟೆಯಲ್ಲಿ ಝುಕಿನಿ ಬಂತು. ಸೌತೆಕಾಯಿಯ ಮೈಕಟ್ಟು, ಸೋರೆಕಾಯಿಯ ಸ್ವಭಾವ, ಇವೆರಡರ ರುಚಿಯೂ ಇಲ್ಲದ ತರಕಾರಿ ಅದು ಎಂಬುದು ವಾಸ್ಲರ್ ಅವರ ಖಚಿತ ಅಭಿಪ್ರಾಯ. ಮರುದಿನ ಬೆಳಿಗ್ಗೆ ಝುಕಿನಿ ಬ್ರೆಡ್ಡು. ಮಧ್ಯಾಹ್ನ ಝುಕಿನಿ ಸೂಪು. ಭಾನುವಾರ ಝುಕಿನಿಯ ಹೊಟ್ಟೆ ಬಗೆದು, ಅದಕ್ಕೆ ಝುಕಿನಿಯನ್ನೇ ತುಂಬಿದ ಒಂದು ಭಕ್ಷ್ಯ.

"ಏನಿದು, ಈ ವರ್ಷ ಇಷ್ಟೊಂದು?" ಎಂದು ವಾಸ್ಲರ್ ಕೇಳಿದರು.

"ಪ್ರತಿ ವರ್ಷವೂ ಇಷ್ಟೇ. ಆರು ಗಿಡ. ಮುಂಚೆ ಚರ್ಚಿನವರು ತಗೋತಿದ್ರು, ಈಗ ಅವರೂ ಕೈಮುಗಿದ್ರು."

"ಜುಲೈ ಪೂರ್ತಿ ಒಂದೂ ಕಾಣಲಿಲ್ಲವಲ್ಲ."

"ಜುಲೈ ಪೂರ್ತಿ ಪೆಟ್ಟಿಗೆ ಇತ್ತಲ್ಲ."

ಬಾಯಿಗೆ ಹೊರಟಿದ್ದ ಫೋರ್ಕು ನಡುದಾರಿಯಲ್ಲೇ ನಿಂತಿತು. 'ಕಸ' ಎಂದು ತಾವು ವರ್ಗೀಕರಿಸಿದ್ದ ಆ ಹಳದಿ ಹೂವು ಝುಕಿನಿಯದೆಂದು ವಾಸ್ಲರ್ ಅವರಿಗೆ ಈಗ ಹೊಳೆಯಿತು.

"ನೀನು ಮಧ್ಯಾಹ್ನ ಮಲಗಿದಾಗ ತುಂಬಿಸಿಡ್ತಿದ್ದೆ," ಎಂದರು ಲೊರೇನ್. "ನೀನು ಏಳೋದ್ರೊಳಗೆ ಖಾಲಿ. ದಾರಿಹೋಕರು ಯಾರೋ ಪುಣ್ಯಾತ್ಮರು ಒಯ್ತಿದ್ರು."

"ನನಗೆ ಯಾಕೆ ಹೇಳಲಿಲ್ಲ?"

"ಹೇಳಿದ್ರೆ ಏಳನೇ ಕಲಮು ಓದ್ತಿದ್ದೆ."

ಓದುತ್ತಿದ್ದರು, ಅದನ್ನು ಅಲ್ಲಗಳೆಯುವಂತಿರಲಿಲ್ಲ. "ಹಾಗಾದ್ರೆ ಹೆಚ್ಚಾದದ್ದನ್ನ ಎಸೆದುಬಿಡು," ಎಂದು ಮೆಲ್ಲಗೆ ಸೂಚಿಸಿದರು.

"ಬೆಳೆದದ್ದನ್ನ ಕಸಕ್ಕೆ ಹಾಕೋ ಮನೇಲಿ ನಾನು ಹುಟ್ಟಿಲ್ಲ, ಹಾರ್ಲನ್. ಪೆಟ್ಟಿಗೆ ತೆಗೆಸಿದವನು ನೀನು. ತಿನ್ನು."

ವಾಸ್ಲರ್ ಅವರು ಒಂದು ಕಾಗದದ ಚೀಲ ತುಂಬಿಕೊಂಡು ಪಕ್ಕದ ಮನೆಯ ಮಿಲ್ಟ್ ಗ್ರಬೆಕ್ ಅವರ ಬಾಗಿಲು ತಟ್ಟಿದರು. ಮಿಲ್ಟ್ ಜಾಲರಿಯ ಹಿಂದಿನಿಂದಲೇ ವಿಚಾರಿಸಿದರು.

"ಚೀಲದಲ್ಲಿ ಏನು, ಹಾರ್ಲನ್?"

"ಏನಿಲ್ಲ, ಒಂದು ಸಣ್ಣ ಕಾಣಿಕೆ."

"ಹಸಿರು ಬಣ್ಣದ್ದಾ?"

"ಸ್ವಲ್ಪಮಟ್ಟಿಗೆ."

ಒಳಬಾಗಿಲೂ ಮುಚ್ಚಿತು. ಚಿಲಕ ಬಿದ್ದ ಸದ್ದು ಬೀದಿಗೆಲ್ಲ ಕೇಳಿಸಿತು.

ಸಂಕಟ ಮನುಷ್ಯನನ್ನು ಎಲ್ಲಿಗೆ ಒಯ್ಯುತ್ತದೆಂದು ಹೇಳಲಾಗದು. ವಾಸ್ಲರ್ ಅವರನ್ನು ಅದು ಅಂಚೆ ಕಚೇರಿಯ ಮುಂದಿನ ದಿನಪತ್ರಿಕೆಯ ಪೆಟ್ಟಿಗೆಯ ಬಳಿಗೆ ಒಯ್ದಿತು. ನಾಣ್ಯ ಹಾಕಿದರೆ ಬಾಗಿಲು ತೆರೆಯುವ, ಇಡೀ ಕಟ್ಟನ್ನೇ ಗಿರಾಕಿಯ ಮರ್ಯಾದೆಯ ಮೇಲೆ ಬಿಡುವ ಪೆಟ್ಟಿಗೆ ಅದು. ಒಂದು ಪತ್ರಿಕೆಯ ಬೆಲೆಗೆ ಎರಡು ಎತ್ತುವವರ ಬಗ್ಗೆ ಅವರು ಹಿಂದೆ ನಗರಸಭೆಗೆ ಮನವಿಯನ್ನೂ ಸಲ್ಲಿಸಿದ್ದರು. ಒಂದನ್ನೂ ಎತ್ತದೆ ಮೂರು ಝುಕಿನಿ ಇಟ್ಟುಹೋಗುವವರ ಬಗ್ಗೆ ಆ ಮನವಿಯಲ್ಲಿ ಏನೂ ಇರಲಿಲ್ಲ. ನಾಣ್ಯ ಹಾಕಿದರು. ಬಾಗಿಲನ್ನು ಎಡಗೈಯಲ್ಲಿ ಹಿಡಿದು ಕ್ರೀಡಾಪುಟದ ಹಿಂದೆ ಎರಡನ್ನು ಮಲಗಿಸಿದರು. ಮೂರನೆಯದು ಕೈಯಲ್ಲಿತ್ತು.

"ಮಿಸ್ಟರ್ ವಾಸ್ಲರ್, ಬಾಗಿಲು ಹಾಗೇ ಹಿಡ್ಕೊಂಡಿರಿ. ನನ್ನ ಹತ್ರ ಚಿಲ್ಲರೆ ಇಲ್ಲ."

ಬೆನ್ನ ಹಿಂದೆ ರೆನೀ ಪಾಸ್ಕೋ ನಿಂತಿದ್ದಳು. ಬೇರೆ ದಿನವಾಗಿದ್ದರೆ ಇಂಥ ಕೋರಿಕೆಗೆ ವಾಸ್ಲರ್ ಅವರು ಪ್ರಾಮಾಣಿಕತೆಯ ಕುರಿತು ಒಂದು ಭಾಷಣವನ್ನೇ ಮಾಡುತ್ತಿದ್ದರು. ಝುಕಿನಿ ಹಿಡಿದ ಕೈಯಿಂದ ಅದು ಸಾಧ್ಯವಾಗಲಿಲ್ಲ.

ರೆನೀ ಒಳಗೆ ಇಣುಕಿದಳು. "ಏಳನೇ ಕಲಮನ್ನ ನನಗೆ ಬಾಯಿಪಾಠ ಮಾಡಿಸಿದವರು ನೀವು, ಸರ್."

"ಹೌದು."

"ಮನೇಲಿ ಎಷ್ಟು ಗಿಡ?"

"ಆರು."

"ನಮ್ಮಮ್ಮ ಎಂಟು ಹಾಕಿದಾಳೆ," ಎಂದು ಆಕೆ ನಿಟ್ಟುಸಿರು ಬಿಟ್ಟಳು. ಆಮೇಲೆ ಅತ್ತಿತ್ತ ನೋಡಿ ದನಿ ತಗ್ಗಿಸಿದಳು. "ನೋಡಿ, ನಿಮ್ಮ ಕೆಂಪು ಪೆಟ್ಟಿಗೆ ಇನ್ನೂ ನಮ್ಮ ಗೋದಾಮಲ್ಲೇ ಬಿದ್ದಿದೆ. ಪತ್ರಿಕೆ ನಡೆಸೋರು ಯಾರು ಅರ್ಜಿ ಹಾಕಿದ್ರೂ ಕೊಡ್ತೀವಿ. ಪತ್ರಿಕೆ ಇರಲೇಬೇಕು ಅಂತ ರೂಲು. ಪತ್ರಿಕೆಯೊಳಗೆ ಪುರವಣಿ ಅಂತ ಏನು ಸುತ್ತಿಡಬೇಕು, ಏನು ಸುತ್ತಿಡಬಾರದು ಅಂತ ಎಲ್ಲೂ ಇಲ್ಲ."

ವಾಸ್ಲರ್ ಅವರು ನಿಯಮಾವಳಿಯನ್ನು ಮನಸ್ಸಿನಲ್ಲೇ ಮೊದಲಿನಿಂದ ಕೊನೆಯವರೆಗೆ ಓದಿಕೊಂಡರು. ಇರಲಿಲ್ಲ. ಎದೆಯ ಮೇಲಿನಿಂದ ಒಂದು ತೋಟದಷ್ಟು ಭಾರ ಇಳಿಯಿತು.

ಹೀಗೆ 'ಮೇಪಲ್ ಬೀದಿ ವರ್ತಮಾನ' ಎಂಬ ಒಂದೇ ಹಾಳೆಯ ವಾರಪತ್ರಿಕೆ ಹುಟ್ಟಿತು. ಸಂಪಾದಕರು ಹಾರ್ಲನ್ ವಾಸ್ಲರ್. ಪೆಟ್ಟಿಗೆ ಕಂದು ಬಣ್ಣ ಬಳಿದುಕೊಂಡು, ಸರಪಳಿ ಕಳಚಿಕೊಂಡು, ಹೈಡ್ರೆಂಟಿನಿಂದ ಐದು ಅಡಿ ಒಂದು ಅಂಗುಲ ದೂರದಲ್ಲಿ ಮರುಪ್ರತಿಷ್ಠಾಪನೆಗೊಂಡಿತು. (ಆ ಒಂದು ಅಂಗುಲ ವಾಸ್ಲರ್ ಅವರ ಔದಾರ್ಯ.) ಲೊರೇನ್ ಒಂದೊಂದು ಝುಕಿನಿಯನ್ನೂ ಒಂದೊಂದು ಸಂಚಿಕೆಯಲ್ಲಿ ಸುತ್ತಿಟ್ಟರು. ಪುಣ್ಯಾತ್ಮರು ಮರಳಿ ಬಂದರು. ಸಂಜೆಯೊಳಗೆ ಪತ್ರಿಕೆಯ ಅಷ್ಟೂ ಪ್ರತಿಗಳು ಖರ್ಚಾದವು. ಅಂದು ಊಟಕ್ಕೆ ಬಟಾಟೆ ಬಂತು. ವಾಸ್ಲರ್ ಅವರ ಕಣ್ಣು ತೇವವಾಯಿತು.

ಒಂದು ತೊಡಕು ಮಾತ್ರ ಉಳಿಯಿತು. ಪತ್ರಿಕೆಯಲ್ಲಿ ಅಚ್ಚಾಗುತ್ತಿದ್ದದ್ದು ಲೊರೇನ್ ಅವರ ಝುಕಿನಿ ಅಡುಗೆಗಳು. ಸಂಪಾದಕರೋ ಪರೀಕ್ಷಿಸದೆ ಒಂದಕ್ಷರವನ್ನೂ ಮುದ್ರಿಸುವವರಲ್ಲ. ಆದ್ದರಿಂದ ವಾರಕ್ಕೊಂದು ಅಡುಗೆಯನ್ನು ಖುದ್ದು ಉಣ್ಣಬೇಕಾಯಿತು.

"ಉಪ್ಪು ರುಚಿಗೆ ತಕ್ಕಷ್ಟು ಅಂತ ಬರಿ," ಎಂದರು ಲೊರೇನ್.

"ರುಚಿಗೆ ತಕ್ಕಷ್ಟು ಅನ್ನೋದು ಅಳತೆಯಲ್ಲ."

"ಸರಿ, ಹಾಗಾದ್ರೆ ಅಳೆದು ಹಾಕಿ ಇನ್ನೊಂದು ಸಲ ಮಾಡ್ತೀನಿ. ತಟ್ಟೆ ತಗೊಂಡು ಕೂತ್ಕೋ."

ಆದರೂ ದಿನಕ್ಕೆ ಮೂರು ಹೊತ್ತು ಉಣ್ಣುವುದಕ್ಕಿಂತ ವಾರಕ್ಕೆ ಎರಡು ತಟ್ಟೆ ಮೇಲು. ವಾಸ್ಲರ್ ಅವರು ನೆಮ್ಮದಿಯಾಗಿ ಮಧ್ಯಾಹ್ನದ ನಿದ್ದೆ ಮಾಡತೊಡಗಿದರು.

ಸೆಪ್ಟೆಂಬರ್ 15ರ ಬೆಳಿಗ್ಗೆ ಅವರು ಪೆಟ್ಟಿಗೆಯ ಬಾಗಿಲು ತೆರೆದಾಗ, ಒಳಗೆ ತೋಳುದ್ದದ ಐದು ಝುಕಿನಿಗಳು ಒತ್ತೊತ್ತಾಗಿ ಮಲಗಿದ್ದವು. ಲೊರೇನ್ ಬೆಳೆದವಲ್ಲ. ಪ್ರತಿಯೊಂದನ್ನೂ ನಗರಸಭೆಯ ಪತ್ರಿಕಾ ಪೆಟ್ಟಿಗೆ ನಿಯಮಾವಳಿಯ ಅಧಿಕೃತ ಪ್ರತಿಯಲ್ಲಿ, ಏಳನೆಯ ಕಲಮು ಹೊರಗೆ ಕಾಣುವಂತೆ ನೀಟಾಗಿ ಸುತ್ತಲಾಗಿತ್ತು. ಅಚ್ಚಾದ ಕಾಗದ, ಆಕ್ಷೇಪಣೆಗೆ ಆಸ್ಪದವಿರಲಿಲ್ಲ.

"ನಗರಸಭೆಯವರೂ ಪುರವಣಿ ಶುರುಮಾಡಿದ್ರಾ?" ಎಂದು ಲೊರೇನ್ ವರಾಂಡದ ಕಂಬ ಹಿಡಿದು ನಕ್ಕರು.

ಆ ವಾರದ 'ವರ್ತಮಾನ'ದಲ್ಲಿ ಅಡುಗೆಯ ಮೇಲ್ಭಾಗದಲ್ಲಿ, ದಪ್ಪ ಅಕ್ಷರಗಳಲ್ಲಿ, ಈ ಕೆಳಕಂಡ ಪ್ರಕಟಣೆ ಹೊರಬಿತ್ತು:

"ಬ್ರಿಂಡಲ್ ಕ್ರೀಕ್ ನಗರಸಭೆಯ ಪರವಾನಗಿ ವಿಭಾಗದವರ ಗಮನಕ್ಕೆ. ತಾವು ಈ ಪತ್ರಿಕೆಯ ಪೆಟ್ಟಿಗೆಯಲ್ಲಿ ಬಿಟ್ಟುಹೋಗಿರುವ ಐದು ಝುಕಿನಿಗಳನ್ನು ಹತ್ತು ದಿನದೊಳಗೆ ಖುದ್ದಾಗಿ ಬಂದು ಒಯ್ಯತಕ್ಕದ್ದು. ತಪ್ಪಿದಲ್ಲಿ ಅವನ್ನು ವಾರಸುದಾರರಿಲ್ಲದವೆಂದು ಪರಿಗಣಿಸಿ, ಬ್ರೆಡ್ಡು ಮಾಡಿ, ತಮ್ಮ ಕಚೇರಿಗೆ ತಲುಪಿಸಲಾಗುವುದು. ತಾವು ಅದನ್ನು ಸಂಪಾದಕರ ಸಮಕ್ಷಮದಲ್ಲಿ, ಉಪ್ಪಿನ ಪ್ರಮಾಣ ಸರಿಯಾಗಿದೆಯೆಂದು ಲಿಖಿತವಾಗಿ ದೃಢೀಕರಿಸುವವರೆಗೆ, ತಿನ್ನತಕ್ಕದ್ದು."