ನಿಲ್ದಾಣ ಏಳರಲ್ಲಿ ನನ್ನ ಗಂಡನನ್ನು ಒಳಗೆ ಬಿಡುವ ಕುರಿತು

ಇಂದ,
ಶ್ರೀಮತಿ ಡಿಂಪ್ನಾ ಹೆಗಾರ್ಟಿ, ವಯಸ್ಸು 84,
ಕಾಲರ್ ಹೊಲಿಗೆ ವಿಭಾಗ (ನಿವೃತ್ತ),
9, ಬಾಬಿನ್ ಓಣಿ, ಕೋಟೆಗೋಡೆಯ ಕೆಳಗೆ,
ಡೆರ್ರಿ.

ಗೆ,
ಮಾನ್ಯ ಅಧಿಕಾರಿಗಳು,
ಹ್ಯಾಲೋವೀನ್ ಉತ್ಸವ ಮತ್ತು ಭಯಾನಕ ನಡಿಗೆಗಳ ಕಚೇರಿ,
ಎರಡನೇ ಮಹಡಿ (ಮೆಟ್ಟಿಲು ಹತ್ತಲಾಗದ ಕಾರಣ ಕೆಳಗಿನ ಪೆಟ್ಟಿಗೆಗೆ ಹಾಕಿದ್ದೇನೆ),
ಡೆರ್ರಿ.

ದಿನಾಂಕ: ಸೆಪ್ಟೆಂಬರ್ 12

ವಿಷಯ: ತೀರಿಕೊಂಡ ನನ್ನ ಗಂಡ ಶ್ರೀ ಯೂಜೀನ್ ಹೆಗಾರ್ಟಿಯವರು ಅಕ್ಟೋಬರ್ 31ರ ಸಂಜೆ ಸ್ವಂತ ಮನೆಯೊಳಗೆ ಬರಲು ಅನುಮತಿ ಕೋರಿ.

ಉಲ್ಲೇಖ: 1) ತಮ್ಮ ಕಚೇರಿ ನನಗೆ ಕೊಟ್ಟ "ವರ್ಷದ ಅತ್ಯುತ್ತಮ ಪ್ರೇತ" ಪ್ರಶಸ್ತಿ ಪತ್ರ.
2) ನನ್ನ ಬಾಗಿಲಿಗೆ ಅಂಟಿಸಿದ ಫಲಕ, "ನಿಲ್ದಾಣ 7: ವಿಧವೆಯ ಕೊನೆಯ ಊಟ".
3) ನನ್ನ ತಾಯಿಯ ಮಾತು (ಬಾಯಿಮಾತು, ದಾಖಲೆ ಇಲ್ಲ).

ಮಾನ್ಯರೇ,

ನಾನು ಹದಿನಾಲ್ಕಕ್ಕೆ ಶಾಲೆ ಬಿಟ್ಟು ಶರ್ಟ್ ಫ್ಯಾಕ್ಟರಿ ಸೇರಿದವಳು. ಅರ್ಜಿ ಬರೆದು ಅಭ್ಯಾಸವಿಲ್ಲ. ತಮ್ಮ ಕಚೇರಿಯ ಕೆಳಗೆ ಕೂತಿರುವ ಹೆಂಗಸನ್ನು ಕೇಳಿದಾಗ, "ನಡೆದದ್ದನ್ನೆಲ್ಲ ನಂಬರ್ ಹಾಕಿ ಬರೀರಿ ಅಮ್ಮಾ, ನಂಬರ್ ಇಲ್ದಿದ್ರೆ ನಮ್ಮ ಸಾಹೇಬ್ರು ಓದಲ್ಲ" ಎಂದರು. ಕಾರಣ ನಂಬರ್ ಹಾಕಿದ್ದೇನೆ.

1. ಸದರಿ ಯೂಜೀನ್ ಹೆಗಾರ್ಟಿಯವರು ಆರು ವರ್ಷದ ಹಿಂದೆ ಮಾರ್ಚ್ ತಿಂಗಳಲ್ಲಿ ತೀರಿಕೊಂಡರು. ನಾವು ಮದುವೆಯಾದ ಕಾಲದಲ್ಲಿ ನಮ್ಮ ಊರಿನಲ್ಲಿ ಹೆಂಗಸರಿಗೆ ಫ್ಯಾಕ್ಟರಿ ಇತ್ತು, ಗಂಡಸರಿಗೆ ಏನೂ ಇರಲಿಲ್ಲ. ನಾನು ಕಾಲರ್ ಹೊಲಿದೆ, ಅವರು ಅಡುಗೆ ಮಾಡಿದರು, ನಾಯಿ ತಿರುಗಾಡಿಸಿದರು. "ಏನಪ್ಪಾ ಯೂಜೀನ್, ಏಪ್ರನ್ ಬಿಚ್ಚೋಕೆ ಹೆಂಡ್ತಿ ಪರ್ಮಿಶನ್ ಕೊಟ್ಳಾ?" ಎಂದು ಓಣಿಯವರು ನಗುತ್ತಿದ್ದರು. ಅವರು ತಲೆ ತಗ್ಗಿಸಿ ಆಲೂಗಡ್ಡೆ ಸುಲಿಯುತ್ತಿದ್ದರು. ಬಹಳ ನಾಚಿಕೆಯ ಮನುಷ್ಯ. ಅಂಗಡಿಯ ಸಾಲಿನಲ್ಲಿ ತಮ್ಮ ಸರದಿಯನ್ನೂ ಬೇರೆಯವರಿಗೆ ಬಿಟ್ಟುಕೊಟ್ಟು ಮನೆಗೆ ಬರುತ್ತಿದ್ದರು. ಈ ಗುಣವನ್ನು ತಾವು ನೆನಪಿನಲ್ಲಿಡಬೇಕು, ಮುಂದೆ ಬೇಕಾಗುತ್ತದೆ.

2. ಅಕ್ಟೋಬರ್ 31ರ ಸಂಜೆ ಸತ್ತವರು ಮನೆಗೆ ಬರುತ್ತಾರೆ. ಇದನ್ನು ತಮಗೆ ಹೇಳಬೇಕಾಗಿಲ್ಲ, ತಮ್ಮ ಕಚೇರಿ ನಡೆಯುವುದೇ ಅದರ ಮೇಲೆ. ನನ್ನ ತಾಯಿ ಕಲಿಸಿದ ಕ್ರಮ ಹೀಗಿದೆ: ಅಂದು ಬಾಗಿಲಿಗೆ ಚಿಲಕ ಹಾಕಬಾರದು. ಬೆಂಕಿ ಉರಿಯುತ್ತಿರಬೇಕು. ಒಂದು ಕುರ್ಚಿ, ಒಂದು ತಟ್ಟೆ ಚಾಂಪ್, ಒಂದು ಚಮಚ. ಮನೆಯವರು ಬಾಗಿಲಿಗೆ ಬೆನ್ನು ಮಾಡಿ ಬೆಂಕಿ ನೋಡುತ್ತ ಕೂರಬೇಕು. ಬಂದವರ ಮುಖ ನೋಡಬಾರದು, ಮಾತಾಡಿಸಬಾರದು. ಮುಖ ನೋಡಿದರೆ ಅವರಿಗೆ ಹಿಂತಿರುಗಿ ಹೋಗಲು ಕಷ್ಟವಾಗುತ್ತದಂತೆ.

ಚಾಂಪ್ ಎಂದರೆ ಬೇಯಿಸಿದ ಆಲೂಗಡ್ಡೆಯನ್ನು ಹಾಲು, ಬೆಣ್ಣೆ, ಈರುಳ್ಳಿ ಸೊಪ್ಪಿನ ಜೊತೆ ಕುಟ್ಟುವುದು. ಇದು ಮಕ್ಕಳಿಗೂ ಬರುತ್ತದೆ, ನನಗೆ ಬರುವುದಿಲ್ಲ.

3. ಮೇಲ್ಕಂಡ ಕ್ರಮದಂತೆ ಮೊದಲ ನಾಲ್ಕು ವರ್ಷ ಮಾಡಿದೆ. ನಾಲ್ಕು ವರ್ಷವೂ ಬೆಳಗ್ಗೆ ನೋಡಿದರೆ ಚಮಚ ಮಗುಚಿ ಇಟ್ಟಿತ್ತು. ಯೂಜೀನ್ ಬದುಕಿದ್ದಾಗ ಊಟ ಮುಗಿದರೆ ಚಮಚ ಮಗುಚಿಡುತ್ತಿದ್ದರು. "ಸಾಕು" ಎಂದು ಬಾಯಿಬಿಟ್ಟು ಹೇಳಿದರೆ ಬಡಿಸಿದವರಿಗೆ ಬೇಸರವಾದೀತೆಂದು. ಪಕ್ಕದ ಮನೆಯ ಸಾಡಿ, "ಬೆಕ್ಕು ಕಣೇ ಅದು" ಎನ್ನುತ್ತಾಳೆ. ನಮ್ಮ ಮನೆಯಲ್ಲಿ ಬೆಕ್ಕಿಲ್ಲ. ಇದ್ದರೂ ನಾನು ಮಾಡಿದ ಚಾಂಪ್ ತಿನ್ನುವ ಬೆಕ್ಕು ಡೆರ್ರಿಯಲ್ಲಿಲ್ಲ.

4. ಹೋದ ವರ್ಷದ ಹಿಂದಿನ ವರ್ಷ ತೊಂದರೆ ಶುರುವಾಯಿತು. ಆ ದಿನ ನಮ್ಮೂರಲ್ಲಿ ವೇಷ ಹಾಕದೆ ಹಾಲು ತರಲು ಹೋದವರನ್ನೇ ಜನ ತಿರುಗಿ ನೋಡುತ್ತಾರೆ. ಬ್ಯಾಂಕಿನಲ್ಲಿ ಕಾಗದಕ್ಕೆ ಮುದ್ರೆ ಒತ್ತುವವನೂ ಅಸ್ಥಿಪಂಜರ. ಟಿಕೆಟ್ ಕೊಂಡು ನಿಲ್ದಾಣದಿಂದ ನಿಲ್ದಾಣಕ್ಕೆ ದೆವ್ವ ನೋಡುತ್ತ ಹೋಗುವ ತಮ್ಮ ಭಯಾನಕ ನಡಿಗೆಯ ಒಂದು ಗುಂಪು ಕೋಟೆಗೋಡೆಯ ಮೇಲಿಂದ ಇಳಿದು ಬರುವಾಗ ತೆರೆದ ಬಾಗಿಲು, ಉರಿಯುವ ಬೆಂಕಿ, ಬಡಿಸಿದ ತಟ್ಟೆ ಕಂಡು, ಇದೂ ಪ್ರದರ್ಶನವೆಂದು ತಿಳಿದು ಒಳಗೆ ಬಂದಿತು.

ನಾನು ಬೆನ್ನು ಮಾಡಿ ಕೂತಿದ್ದೆ. ಹೆಜ್ಜೆ ಸಪ್ಪಳ ಕೇಳಿತು. ಯೂಜೀನ್‌ಗೆ ಇಷ್ಟು ಕಾಲು ಇರಲಿಲ್ಲ. ಬಹುಶಃ ಅಣ್ಣತಮ್ಮಂದಿರನ್ನೂ ಕರೆತಂದಿರಬೇಕು, ಆ ಮನೆಯವರು ಮೊದಲಿನಿಂದಲೂ ಹೇಳದೆ ಕೇಳದೆ ಊಟಕ್ಕೆ ಬರುವ ಜನ ಎಂದುಕೊಂಡೆ. ಕ್ರಮದ ಪ್ರಕಾರ ತಿರುಗಲಿಲ್ಲ.

"ಮೇಣದ ಗೊಂಬೆ ಕಣ್ರೀ ಇದು."

"ಅಲ್ಲಪ್ಪಾ, ಉಸಿರಾಡ್ತಿದೆ ನೋಡು."

"ಒಳಗೆ ಮೋಟರ್ ಇಟ್ಟಿರ್ತಾರೆ. ಕೂದಲು ನೋಡಿದ್ರೆ ಗೊತ್ತಾಗಲ್ವಾ, ಡೂಪ್ಲಿಕೇಟು."

ಹಿಂದಿನ ದಿನವಷ್ಟೇ ಸಾಡಿ ನನ್ನ ಕೂದಲಿಗೆ ಸುರುಳಿ ಹಾಕಿದ್ದಳು. ಆದರೂ ಸಹಿಸಿದೆ. ಯಾರೋ ಕೆನ್ನೆಗೆ ಬೆರಳು ಚುಚ್ಚಿದರು, ಅದನ್ನೂ ಸಹಿಸಿದೆ. ಆಮೇಲೆ ಕುರ್ಚಿ ಕಿರುಗುಟ್ಟಿತು. ಯಾರೋ ಕೂತು ಒಂದು ಚಮಚ ಬಾಯಿಗಿಟ್ಟರು.

"ಥೂ! ಏನ್ರೀ ಇದು, ಗೋಡೆಗೆ ಬಳಿಯೋ ಸುಣ್ಣ!"

"ಬರಗಾಲದ ಊಟ ಇರ್ಬೇಕು ಕಣೋ. ಎಷ್ಟು ನಿಜ ಅನ್ನೋ ಹಾಗೆ ಮಾಡಿದಾರೆ, ಪಾಪ."

ಸತ್ತವರೇ ಆದರೂ ಇಷ್ಟು ಅನ್ನಬಾರದು. ಕಾರಣ ನಾನು ಬೆಂಕಿ ನೋಡುತ್ತಲೇ, "ಉಪ್ಪು ಪಕ್ಕದಲ್ಲಿದೆ" ಎಂದೆ.

ಬಂದಿದ್ದ ಇಪ್ಪತ್ತೆರಡು ಜನರೂ ಒಟ್ಟಿಗೆ ಕಿರುಚಿಕೊಂಡು ಓಡಿದರು. ಆಗ ತಿರುಗಿದೆ. ಗಡ್ಡ ಬಿಟ್ಟ ಸನ್ಯಾಸಿನಿಯೊಬ್ಬಳು ಬಾಗಿಲಲ್ಲಿ ಸಿಕ್ಕಿಕೊಂಡಳು, ಹಿಂದಿನವರು ದೂಡಿದರು. ಸ್ವಲ್ಪ ಹೊತ್ತಿಗೆ ಎಲ್ಲರೂ ಹಿಂದೆ ಬಂದು ಚಪ್ಪಾಳೆ ತಟ್ಟಿದರು. ಗುಂಪನ್ನು ಕರೆದುಕೊಂಡು ಬಂದಿದ್ದ, ಮಾಟಗಾತಿ ಟೊಪ್ಪಿಗೆಯ ರೋನಾ ಎಂಬಾಕೆ ನನ್ನ ಎರಡೂ ಕೈ ಹಿಡಿದು, "ಅಮ್ಮಾ, ಏನು ನಟನೆ ನಿಮ್ದು! ಯಾವ ತಂಡದೋರು?" ಎಂದು ಕೇಳಿದರು. "ಕಾಲರ್ ವಿಭಾಗ, ಹನ್ನೊಂದನೇ ಬೆಂಚು" ಎಂದೆ. ಬರೆದುಕೊಂಡರು.

ಬೆಳಗ್ಗೆ ಚಮಚ ಇರಲಿಲ್ಲ. ಯಾರೋ ನೆನಪಿಗೆಂದು ತೆಗೆದುಕೊಂಡು ಹೋಗಿದ್ದರು.

5. (ಈ ಅಂಶ ಬಿಟ್ಟಿದ್ದೇನೆ. ಸ್ವಂತ ವಿಷಯ.)

6. ಒಂದು ತಿಂಗಳಿಗೆ ಉಲ್ಲೇಖ 1ರ ಪ್ರಶಸ್ತಿ ಪತ್ರ ಬಂದಿತು, "ಕಾಲರ್ ವಿಭಾಗ ನಾಟಕ ತಂಡದ ಶ್ರೀಮತಿ ಹೆಗಾರ್ಟಿ" ಎಂದು. ತಂದವರು ಒಂದು ಕಾಗದಕ್ಕೆ ಸಹಿ ಹಾಕಿಸಿಕೊಂಡರು. ಪ್ರಶಸ್ತಿ ಮುಟ್ಟಿದ್ದಕ್ಕೆ ಸಹಿ ಎಂದು ತಿಳಿದೆ. ಸಣ್ಣ ಅಕ್ಷರ ಓದಲು ನನ್ನಿಂದಾಗದು. ಸಾಡಿ ಆಮೇಲೆ ಕನ್ನಡಕ ಹಾಕಿಕೊಂಡು ಓದಿ, "ಲೇ ಡಿಂಪ್ನಾ, ನೀನು ಹ್ಯಾಲೋವೀನ್ ದಿನಕ್ಕೆ ಮನೇನೇ ಬರ್ಕೊಟ್ಟಿದೀಯಲ್ಲೇ!" ಎಂದಳು.

7. ಅದರಂತೆ ಹೋದ ವರ್ಷ ಮಧ್ಯಾಹ್ನವೇ ತಮ್ಮ ಸಿಬ್ಬಂದಿ ಬಂದರು. ಬಾಗಿಲಿಗೆ ಫಲಕ, ಹಗ್ಗ, ಹತ್ತಿಯಲ್ಲಿ ಮಾಡಿದ ಜೇಡರ ಬಲೆ. ನನ್ನ ಮನೆಯಲ್ಲಿ ಜೇಡರ ಬಲೆ ಇರಲಿಲ್ಲವೆಂದು ಈ ಮೂಲಕ ದಾಖಲಿಸುತ್ತೇನೆ. ಹಳದಿ ಕೋಟಿನ ಟೆರೆನ್ಸ್ ಎಂಬವರನ್ನು ಬಾಗಿಲಲ್ಲಿ ನಿಲ್ಲಿಸಿದರು. ಒಳ್ಳೆಯ ಮನುಷ್ಯ, ಕಟ್ಟುನಿಟ್ಟು. ಹಾಲು ಮುಗಿದ ಕಾರಣ ನಾನು ಅಂಗಡಿಗೆ ಹೋಗಿ ಬಂದರೆ ನನ್ನನ್ನೇ ತಡೆದರು.

"ಟಿಕೆಟ್ ತೋರ್ಸಿ ಅಮ್ಮಾ."

"ಇದು ನನ್ನ ಮನೆ ಕಣಪ್ಪಾ."

"ಎಲ್ರೂ ಅದೇ ಹೇಳೋದು. ಈಗ ತಾನೇ ಇಬ್ರು ರಾಣಿಯರು ಬಂದು ಕೋಟೆ ನಮ್ದು ಅಂದ್ರು. ಲೈನಲ್ಲಿ ಬನ್ನಿ."

ಆಗಲಿ ಎಂದು ಸಾಲಿನಲ್ಲಿ ನಿಂತೆ. ನನ್ನ ಮುಂದೆ ಒಂದು ಕುಂಬಳಕಾಯಿ ಕುಟುಂಬ ಇತ್ತು. ಅವರಲ್ಲಿ ದೊಡ್ಡ ಕುಂಬಳಕಾಯಿ ತಿರುಗಿ, "ವೇಷ ಚೆನ್ನಾಗಿದೆ ಅಜ್ಜಿ, ಕಾರ್ಡಿಗನ್ ಅಂತೂ ನಿಜವಾದ್ದೇ ಅನ್ಸುತ್ತೆ" ಎಂದಿತು. ವಂದನೆ ಹೇಳಿದೆ. ಸಾಡಿ ಕಿಟಕಿಯಿಂದ ಕೂಗಿ ಸಾಕ್ಷಿ ಹೇಳಿದ ಮೇಲೆ ಟೆರೆನ್ಸ್‌ರವರು ಒಳಗೆ ಬಿಟ್ಟರು.

7(ಅ). ಒಳಗೆ ನನ್ನ ಜಾಗದಲ್ಲಿ ನಾನು ಕೂತಿದ್ದೆ. ಎಂದರೆ, ನಾನು ಸಿಗದ ಕಾರಣ ತಮ್ಮವರು ನಾಟಕದ ಹೆಂಗಸೊಬ್ಬಳಿಗೆ ಶಾಲು ಹೊದಿಸಿ ಬೆಂಕಿಯ ಮುಂದೆ ಕೂರಿಸಿದ್ದರು. ದೂರುವುದಿಲ್ಲ, ಬೆನ್ನು ನನಗಿಂತ ನೆಟ್ಟಗಿತ್ತು. ಎದ್ದು ಜಾಗ ಬಿಟ್ಟುಕೊಟ್ಟಳು, ಹೋಗುವಾಗ "ಅಭಿನಯ ಎಲ್ಲಿ ಕಲಿತ್ರಿ?" ಎಂದು ಪಿಸುಗುಟ್ಟಿದಳು. ಆದರೆ ಹಿಂದಿನ ವರ್ಷದಂತೆ ಕಳವಾಗದಿರಲೆಂದು ಚಮಚವನ್ನು ಸರಪಳಿಯಿಂದ ಮೇಜಿಗೆ ಕಟ್ಟಿದ್ದರು. ಸರಪಳಿ ಗಿಡ್ಡ. ಚಮಚ ಎತ್ತಬಹುದು, ಮಗುಚಲು ಬರುವುದಿಲ್ಲ. ನಾನೇ ಪ್ರಯತ್ನಿಸಿ ನೋಡಿದ್ದೇನೆ.

ಬೆಳಗ್ಗೆ ಚಮಚ ಅಂಗಾತವೇ ಇತ್ತು.

8. ಸಾಡಿ ಹೇಳುತ್ತಾಳೆ, "ಈ ವರ್ಷ ಚಿಲಕ ಹಾಕ್ಕೊಂಡು ಒಳಗೆ ಕೂತ್ಕೊಳ್ಳೇ ಮಾರಾಯ್ತಿ. ಏನ್ ಮಾಡ್ತಾರೆ, ಬಾಗ್ಲು ಒಡೀತಾರಾ?" ತಾವೂ ಹಾಗೆಯೇ ಕೇಳಬಹುದು. ಉತ್ತರ ಕೊಡಬೇಕಾದರೆ ಬಿಟ್ಟ ಅಂಶವನ್ನು ಬರೆಯಲೇಬೇಕು. ಆದ್ದರಿಂದ ಬರೆಯುತ್ತೇನೆ.

5. ಮದುವೆಯಾದ ಮೂರನೇ ವರ್ಷದ ಹ್ಯಾಲೋವೀನ್. ಅಂದು ಫ್ಯಾಕ್ಟರಿಗೆ ಅರ್ಧ ದಿನ ರಜೆ. ಒಂದು ದಿನವಾದರೂ ನಾನು ಅಡುಗೆ ಮಾಡುತ್ತೇನೆಂದು ಚಾಂಪ್ ಮಾಡಿದೆ. ನಾಯಿ ತಿರುಗಾಡಿಸಲು ಹೋದ ಯೂಜೀನ್ ಒಂದು ಗಂಟೆಯಾದರೂ ಬರಲಿಲ್ಲ. ಚಾಂಪ್ ಆರಿತು. ನನಗೆ ಸಿಟ್ಟು ಬಂದು ಚಿಲಕ ಹಾಕಿದೆ. ಸ್ವಲ್ಪ ಹೊತ್ತಿಗೆ ಬಾಗಿಲು ಒಂದು ಸಲ ಅಲ್ಲಾಡಿತು. ಒಂದೇ ಸಲ. ಆಮೇಲೆ ಸದ್ದಿಲ್ಲ. ಸಿಟ್ಟು ಇಳಿದು ನಾನು ಬಾಗಿಲು ತೆಗೆಯುವಷ್ಟರಲ್ಲಿ ಓಣಿಯ ಮಕ್ಕಳೆಲ್ಲ ವೇಷ ಕಳಚಿ ಮನೆ ಸೇರಿದ್ದರು. ಯೂಜೀನ್ ನಾಯಿಯ ಜೊತೆ ಮೆಟ್ಟಿಲ ಮೇಲೆ ಕೂತಿದ್ದರು.

"ಬಾಗ್ಲು ಬಡೀಬಾರ್ದಾಗಿತ್ತಾ?" ಎಂದೆ.

"ನೀನು ಹಾಕಿದ್ಯಲ್ಲ, ಏನೋ ಕಾರಣ ಇರುತ್ತೆ ಅಂದ್ಕೊಂಡೆ" ಎಂದರು.

ಒಳಗೆ ಬಂದು ಆರಿದ ಚಾಂಪ್ ಪೂರ್ತಿ ತಿಂದು ಚಮಚ ಮಗುಚಿಟ್ಟರು. ಆಮೇಲೆ ನಲವತ್ತೆಂಟು ವರ್ಷ ಒಟ್ಟಿಗಿದ್ದೆವು. ಆ ಮಾತನ್ನು ಅವರು ಮತ್ತೆ ಎತ್ತಲಿಲ್ಲ. ನಾನೂ ತಪ್ಪಾಯಿತು ಎನ್ನಲಿಲ್ಲ. ಇವತ್ತು ಹೇಳಿದರಾಯಿತು, ನಾಳೆ ಹೇಳಿದರಾಯಿತು ಎಂದುಕೊಂಡೆ. ಕಾರಣ ನಾನು ಹ್ಯಾಲೋವೀನ್ ದಿನ ಆ ಬಾಗಿಲಿಗೆ ಇನ್ನೊಂದು ಸಲ ಚಿಲಕ ಹಾಕುವುದಿಲ್ಲ.

9. ಹೋದ ತಿಂಗಳು ಟೆರೆನ್ಸ್‌ರವರು ದಾರಿಯಲ್ಲಿ ಸಿಕ್ಕರು. ಹಳದಿ ಕೋಟಿಲ್ಲದೆ ಗುರುತು ಹತ್ತಲಿಲ್ಲ. ಅವರೇ ಮಾತಾಡಿಸಿ, "ಹೋದ ವರ್ಷ ನಿಮ್ಮನ್ನ ಹೊರಗೆ ನಿಲ್ಲಿಸ್ಬಿಟ್ಟೆ ಅಮ್ಮಾ, ಕ್ಷಮಿಸಿ" ಎಂದರು. ಆಮೇಲೆ ನಗುತ್ತ, "ಆ ದಿನ ಎಷ್ಟ್ ಜನ ಜಗಳ ಆಡಿದ್ರು ಅಂತೀರಾ! ಒಬ್ಬ ಮುದುಕ ಮಾತ್ರ ಪಾಪ, ಟೊಪ್ಪಿಗೆ ಕೈಯಲ್ಲಿ ಹಿಡ್ಕೊಂಡು ಬಂದ. ಟಿಕೆಟ್ ಇಲ್ದೆ ಬಿಡಲ್ಲ ಅಂದೆ. 'ಹೌದಾ, ಸರಿ' ಅಂತ ಹೊರಟೇಹೋದ. ಅಂಥೋರು ಸಿಗೋದು ಕಷ್ಟ" ಎಂದರು.

ಅದು ಇಂಥವರೇ ಎಂದು ನಾನು ಹೇಳುತ್ತಿಲ್ಲ. ಡೆರ್ರಿಯಲ್ಲಿ ಟೊಪ್ಪಿಗೆ ಹಾಕುವ ಮುದುಕರಿಗೆ ಬರವಿಲ್ಲ. ಆದರೆ "ಹೌದಾ, ಸರಿ" ಎಂದು ಹೊರಟುಹೋಗುವವರು ನನಗೆ ತಿಳಿದಂತೆ ಒಬ್ಬರೇ ಇದ್ದರು.

ಆದ್ದರಿಂದ, ಮೇಲ್ಕಂಡ ಎಲ್ಲ ಕಾರಣಗಳಿಂದ, ತಮ್ಮಲ್ಲಿ ಕೇಳಿಕೊಳ್ಳುವುದೇನೆಂದರೆ:

(ಕ) ನಿಲ್ದಾಣ 7ನ್ನು ಈ ವರ್ಷದಿಂದ ರದ್ದು ಮಾಡಬೇಕು. ಸಾಡಿ ತನ್ನ ಮನೆ ಕೊಡಲು ಸಿದ್ಧಳಿದ್ದಾಳೆ. ಅವಳಿಗೆ ಜನ ಬೇಕು, ಜೇಡರ ಬಲೆಯೂ ಸ್ವಂತದ್ದೇ ಇದೆ.

(ಖ) ಭಿತ್ತಿಪತ್ರಗಳು ಈಗಾಗಲೇ ಅಚ್ಚಾಗಿ ರದ್ದು ಮಾಡಲು ಬರುವುದಿಲ್ಲವಾದರೆ, ಸದರಿ ಯೂಜೀನ್ ಹೆಗಾರ್ಟಿಯವರ ಹೆಸರಿಗೆ ಒಂದು ಟಿಕೆಟ್ ಮಂಜೂರು ಮಾಡಬೇಕು. ಹಿರಿಯ ನಾಗರಿಕರು, ವಯಸ್ಸು 79, ಇನ್ನು ಮುಂದೆಯೂ ಅಷ್ಟೇ. ಜೊತೆಯಲ್ಲಿ ನಾಯಿ ಇದ್ದರೆ ಅದು ಹೊರಗೆ ಮೆಟ್ಟಿಲ ಮೇಲೆ ಕೂರುತ್ತದೆ, ಅದಕ್ಕೆ ಅಭ್ಯಾಸವಿದೆ.

(ಗ) ಚಮಚದ ಸರಪಳಿಯನ್ನು ಒಂದು ಗೇಣು ಉದ್ದ ಮಾಡಿಸಬೇಕು.

ತೀರ್ಮಾನ ಬೇಗ ಆಗಬೇಕು. ತಡವಾದರೆ ಅರ್ಜಿದಾರಳೇ ಆ ಕಡೆಗೆ ಸೇರಿಹೋಗಿ, ತಮ್ಮ ಕಚೇರಿ ಎರಡು ಟಿಕೆಟ್ ಕೊಡಬೇಕಾದೀತು.

ತಮ್ಮ ವಿಶ್ವಾಸಿ, ಬಾಗಿಲು ತೆರೆದುಕೊಂಡು ಕೂತಿರುವ
ಡಿಂಪ್ನಾ ಹೆಗಾರ್ಟಿ
(ಸಹಿ ನನ್ನದೇ. ಈ ಸಲ ಸಣ್ಣ ಅಕ್ಷರ ಏನೂ ಇಲ್ಲ.)

ಲಗತ್ತುಗಳು:
1. "ಅತ್ಯುತ್ತಮ ಪ್ರೇತ" ಪ್ರಶಸ್ತಿ ಪತ್ರ, ವಾಪಸ್. ಅರ್ಹರಿಗೆ ಕೊಡುವುದು.
2. ಜೇಡರ ಬಲೆ, ಒಂದು ಚೀಲ. ಒಗೆದಿದ್ದೇನೆ.
3. ಯೂಜೀನ್‌ರವರ ಫೋಟೋ ಒಂದು, ಗುರುತಿಗಾಗಿ. ಬೇರೆಯವರನ್ನು ಮುಂದೆ ಬಿಟ್ಟು ಹಿಂದೆ ನಿಂತಿದ್ದಾರೆ, ಅರ್ಧ ಮುಖ ಮಾತ್ರ ಕಾಣುತ್ತದೆ.

ವಿ.ಸೂ.: ಟಿಕೆಟನ್ನು ನನಗೆ ಕಳುಹಿಸಬೇಡಿ. ಟೆರೆನ್ಸ್‌ರವರ ಜೇಬಿನಲ್ಲೇ ಇಟ್ಟಿರಿ. ಯೂಜೀನ್ ಬಂದು ಹಗ್ಗದ ಹತ್ತಿರ ನಿಲ್ಲುತ್ತಾರೆ, ತಾವಾಗಿ ಏನೂ ಕೇಳುವುದಿಲ್ಲ. ದಯವಿಟ್ಟು ಮೊದಲು ಟೆರೆನ್ಸ್‌ರವರೇ "ಬನ್ನಿ" ಎನ್ನಬೇಕು.