ಸದ್ದಿಲ್ಲದ ಕಾರಿನಲ್ಲಿ ಸುರಪುರಕ್ಕೆ

ಹೊಸ ಕಾರುಗಳ ಬಗ್ಗೆ ಅಭಿಪ್ರಾಯ ಹೇಳಬೇಕಾದರೆ ಮನೆಯಲ್ಲೊಂದು ಹೊಸ ಕಾರು ಇರಬೇಕೆಂಬ ನಿಯಮವೇನೂ ಇಲ್ಲ. ಇದ್ದಿದ್ದರೆ ನಾನು ಇಷ್ಟು ಹೊತ್ತಿಗೆ ಮೌನವ್ರತ ಹಿಡಿದು ಯಾವುದಾದರೂ ಮಠ ಸೇರಬೇಕಾಗುತ್ತಿತ್ತು. ಶಹಾಪುರದ ಹೈಸ್ಕೂಲಿನಲ್ಲಿ ಗಣಿತ ಕಲಿಸಿ ನಿವೃತ್ತನಾದ ನಾನು ಜನ್ಮದಲ್ಲಿ ಒಂದೂ ಹೊಸ ಕಾರು ಕೊಂಡವನಲ್ಲ. ಆದರೂ ಓಣಿಯಲ್ಲಿ ಯಾರ ಮನೆಗೆ ಕಾರು ಬಂದರೂ ಪೇಢೆಯ ಡಬ್ಬಿ ನನ್ನ ಮುಂದೆ ಬರುತ್ತದೆ, ಹಿಂದೆಯೇ ನನ್ನ ಅಭಿಪ್ರಾಯವೂ ಬರಬೇಕಾಗುತ್ತದೆ. ನಾನು ಪೇಢೆಯನ್ನು ಬಾಯಿಗೆ ಹಾಕಿಕೊಂಡು, ಟೈರಿಗೆ ಮೆಲ್ಲಗೆ ಒದ್ದು, ಬಾಗಿಲನ್ನು ಒಂದೆರಡು ಸಲ ಬಡಿದು ಸದ್ದು ಕೇಳಿ, ತಗಡು ತೆಳುವಾಯಿತು ಎಂದು ತೀರ್ಪು ಕೊಡುತ್ತೇನೆ. ಇಷ್ಟು ವರ್ಷಗಳಲ್ಲಿ ತಗಡು ದಪ್ಪವಿರುವ ಹೊಸ ಕಾರೊಂದನ್ನು ನಾನು ಕಂಡದ್ದಿಲ್ಲ. ಕೊಂಡವರ ಮುಖ ಸಪ್ಪಗಾಗುತ್ತದೆ, ಡಬ್ಬಿಯ ಮುಚ್ಚಳ ಮುಚ್ಚಿಕೊಳ್ಳುತ್ತದೆ.

ನನ್ನದೊಂದು ಡೀಸೆಲ್ ಜೀಪು. ಕಾಲುವೆಯ ಕೆಲಸ ನಡೆಯುವಾಗ ಎಂಜಿನಿಯರುಗಳನ್ನು ಹೊತ್ತು ಏರಿಯ ಮೇಲೆ ಓಡಾಡಿದ ಜೀಪು ಅದು. ಕೆಲಸ ಮುಗಿಯುತ್ತ ಬಂದಂತೆ ಕ್ಯಾಂಪಿನ ಸಾಮಾನುಗಳು ಹರಾಜಾದವು, ಆಗ ನಾನು ಅದನ್ನು ಹಿಡಿದೆ. ಕಾಲುವೆಗೆ ನೀರು ಬಂದ ಮೇಲೆ ನಮ್ಮ ಕಡೆಯವರು ಜೋಳ ಬಿಟ್ಟು ಭತ್ತ ಹಚ್ಚಿದರು, ಎತ್ತು ಬಿಟ್ಟು ಟ್ರ್ಯಾಕ್ಟರ್ ಹಿಡಿದರು, ನಾನು ಸೈಕಲ್ ಬಿಟ್ಟು ಜೀಪು ಹಿಡಿದೆ. ನನಗೆ ಒಂದು ಗುಂಟೆ ಗದ್ದೆಯೂ ಇರಲಿಲ್ಲ, ನೀರಾವರಿಗೂ ನನಗೂ ಸಂಬಂಧವೇ ಇರಲಿಲ್ಲ. ಆದರೆ ಆಗಿನ ಗಾಳಿಯೇ ಹಾಗಿತ್ತು, ಎಲ್ಲರೂ ಏನನ್ನಾದರೂ ಬಿಟ್ಟು ಏನನ್ನಾದರೂ ಹಿಡಿಯುತ್ತಿದ್ದರು. ಅಂದಿನಿಂದ ಅದರ ಒಂದೊಂದು ಸದ್ದೂ ನನಗೆ ಗೊತ್ತು. ಮೆಕ್ಯಾನಿಕ್ ಖಾಜಾಭಾಯಿ ಅದರ ಬಾನೆಟ್ ಎತ್ತಿದರೆ ನಾನು ಪಕ್ಕದಲ್ಲಿ ನಿಲ್ಲುತ್ತೇನೆ, ಹಾದಿಯಲ್ಲಿ ಹೋಗುವ ಒಬ್ಬಿಬ್ಬರು ಬಂದು ಸೇರುತ್ತಾರೆ, ಚಹಾ ಬರುತ್ತದೆ. ಕಾರು ಎಂದರೆ ಓಡುವಾಗ ಒಬ್ಬರಿಗೆ, ನಿಂತಾಗ ನಾಲ್ಕು ಮಂದಿಗೆ ಸಂತೋಷ ಕೊಡುವಂಥದ್ದು ಎಂಬುದು ನನ್ನ ಸಿದ್ಧಾಂತ.

ಈ ಸುಖದಲ್ಲಿ ಒಂದೇ ಕೊರತೆ. ನನ್ನ ಹೆಂಡತಿ ಮಹಾದೇವಿಗೆ ಜೀಪು ಆಗಿಬರುವುದಿಲ್ಲ. ಅವಳ ತವರು ಸುರಪುರ. ಮದುವೆ ಮುಗಿಸಿ ಹೂವಿನ ಸರ ಕಟ್ಟಿದ ಜೀಪಿನಲ್ಲಿ ಹೊರಟಾಗ ಅವಳು ದಾರಿಯುದ್ದಕ್ಕೂ ಕಣ್ಣು ಮುಚ್ಚಿ, ಸೆರಗನ್ನು ಮುಖಕ್ಕೆ ಒತ್ತಿಕೊಂಡು ಕುಳಿತಿದ್ದಳು. ನಾಚಿಕೆ ಎಂದುಕೊಂಡು ನಾನು ಹಿಗ್ಗಿದೆ. ಅದು ನಾಚಿಕೆಯಲ್ಲ ಎಂಬುದು ಹತ್ತಿಗೂಡೂರು ದಾಟುವಾಗ ನನ್ನ ಮದುವೆಯ ಧೋತರಕ್ಕೆ ತಿಳಿಯಿತು. ದೃಷ್ಟಿಯಾಗಿದೆ ಎಂದು ಹಿರಿಯ ಹೆಂಗಸರು ಉಪ್ಪು ಮೆಣಸಿನಕಾಯಿ ಇಳಿಸಿ ಒಲೆಗೆ ಹಾಕಿದರು. ಆ ಘಾಟಿಗೆ ಇನ್ನೊಂದು ಸಲ ವಾಂತಿಯಾಯಿತು. ಡೀಸೆಲ್ ವಾಸನೆಯೇ ಕಾರಣ ಎಂದು ಮನೆಯವರೆಲ್ಲ ಸೇರಿ ನಿರ್ಧರಿಸಿದೆವು.

ಅಂದಿನಿಂದ ಅವಳು ಜೀಪು ಹತ್ತಬೇಕಾದರೆ ಆಪರೇಷನ್ನಿಗೆ ಹೋಗುವಷ್ಟು ತಯಾರಿ. ಕೈಯಲ್ಲೊಂದು ನಿಂಬೆಹಣ್ಣು, ಬಾಯಲ್ಲಿ ನಾಲ್ಕು ಅಜಿವಾನದ ಕಾಳು, ಸೊಂಟಕ್ಕೆ ಸಿಕ್ಕಿಸಿದ ಪ್ಲಾಸ್ಟಿಕ್ ಚೀಲ. ಕಾಗದದ ಮೇಲೆ ಕುಳಿತರೆ ವಾಂತಿ ಬರುವುದಿಲ್ಲವೆಂದು ನಮ್ಮಲ್ಲಿ ನಂಬಿಕೆ, ಆದ್ದರಿಂದ ಅಂದಿನ ಪತ್ರಿಕೆಯನ್ನು ನಾನು ಓದುವ ಮೊದಲೇ ಸೀಟಿಗೆ ಹಾಸಬೇಕು. ಹಳೆಯ ಪತ್ರಿಕೆ ಯಾಕಾಗಬಾರದು ಎಂದು ಒಮ್ಮೆ ಕೇಳಿದ್ದೆ, ಅದರ ಗುಣ ಹೋಗಿರುತ್ತದಂತೆ. ಇಷ್ಟಾದರೂ ಸುರಪುರದಲ್ಲಿ ಅವಳನ್ನು ಕೈಹಿಡಿದೇ ಇಳಿಸಬೇಕಿತ್ತು. ಅವಳ ಅಕ್ಕ ನೀಲಮ್ಮ ಜೀಪಿನ ಸದ್ದು ಕೇಳಿದೊಡನೆ ಪಡಸಾಲೆಯಲ್ಲಿ ಹಗ್ಗದ ಹೊರಸು ಹಾಕಿ, ತಣ್ಣೀರಲ್ಲಿ ಅರಿವೆ ಅದ್ದಿ ನಿಂತಿರುತ್ತಿದ್ದರು. ತಂಗಿ ಮಲಗಬೇಕು, ಅಕ್ಕ ಹಣೆಗೆ ಒದ್ದೆ ಅರಿವೆ ಇಡಬೇಕು, ತಂಗಿ ಚೇತರಿಸಿಕೊಂಡು ಏಳುವಷ್ಟರಲ್ಲಿ ನಾನು ಹೊತ್ತಾಯಿತು ಎಂದು ಕೀಲಿ ಆಡಿಸಬೇಕು. ಬರಬರುತ್ತ ಅವಳು ಹೊರಗೆ ಬರುವುದನ್ನೇ ಕಡಿಮೆ ಮಾಡಿದಳು. ಯಾದಗಿರಿಗಾಗಲಿ ಕಲಬುರಗಿಗಾಗಲಿ ನಾನು ಪಕ್ಕದ ಸೀಟಿನಲ್ಲಿ ಊಟದ ಡಬ್ಬಿ ಇಟ್ಟುಕೊಂಡು ಒಬ್ಬನೇ ಹೋಗುವುದು ರೂಢಿಯಾಯಿತು.

ಹೀಗಿರುವಾಗ ಮಗಳು ಸವಿತಾ ಎಲೆಕ್ಟ್ರಿಕ್ ಕಾರು ಕೊಂಡಳು. ಅವಳ ಮನೆ ಯಾದಗಿರಿಯಲ್ಲಿ, ಕೆಲಸ ಮುದನಾಳದ ಶಾಲೆಯಲ್ಲಿ. ಪರಿಸರಕ್ಕೆ ಒಳ್ಳೆಯದು ಎಂದಳು. ನಾನು ನನ್ನ ಅಭಿಪ್ರಾಯಗಳನ್ನು ಒಂದೊಂದಾಗಿ ಇಳಿಸಿದೆ. ಆ ಕಾರಿನಲ್ಲಿ ಹಸಿರಾಗಿರುವುದು ನಂಬರ್ ಪ್ಲೇಟು ಮಾತ್ರ. ಇಲ್ಲಿ ಹೊಗೆ ಇಲ್ಲವೆಂದರೆ ಎಲ್ಲೋ ಕಲ್ಲಿದ್ದಲು ಸುಟ್ಟು ಇನ್ನಾರದೋ ಊರಿಗೆ ಹೊಗೆ ಬಿಟ್ಟಿರುತ್ತಾರೆ. ಪಂಪ್‌ಸೆಟ್ಟಿಗೇ ಕರೆಂಟು ಸಾಲದ ಊರಿನಲ್ಲಿ ಕಾರಿಗೆ ಎಲ್ಲಿಂದ ತರುವುದು? ಬಾನೆಟ್ ಎತ್ತಿದರೆ ಒಳಗೆ ಮುಚ್ಚಳ ಹಾಕಿದ ಡಬ್ಬಿ, ನಾಲ್ಕು ಮಂದಿ ಸುತ್ತ ನಿಂತು ಏನು ನೋಡಬೇಕು? ಸೀಟ್ ಬೆಲ್ಟ್ ಹಾಕದಿದ್ದರೆ ಅದು ಕೊಂಯ್‌ಗುಡುತ್ತದೆ, ಬಾಗಿಲು ಸರಿಯಾಗಿ ಮುಚ್ಚದಿದ್ದರೆ ಬೈಯುತ್ತದೆ. ಅಷ್ಟಕ್ಕೆ ಮನೆಯಲ್ಲೇ ಇರಬಹುದಲ್ಲ! ಸವಿತಾ ಎಲ್ಲವನ್ನೂ ಕೇಳಿ, ಪೂಜೆಗೆ ಬೇಗ ಬರಬೇಕೆಂದು ಹೇಳಿ ಫೋನಿಟ್ಟಳು.

ಪೂಜೆಯ ದಿನ ನಡೆದದ್ದನ್ನು ನಾನು ಹೇಳದಿದ್ದರೂ ಜೊತೆಗೆ ಬಂದಿದ್ದ ಖಾಜಾಭಾಯಿ ಊರಿಗೆಲ್ಲ ಹೇಳಿದ್ದಾನೆ. ನಾಲ್ಕೂ ಗಾಲಿಗೆ ನಿಂಬೆಹಣ್ಣು ಇಟ್ಟು, ಕಾಯಿ ಒಡೆದು, ಮೊದಲು ನಾನೇ ಕಾರು ಚಾಲೂ ಮಾಡಬೇಕೆಂದು ಅಳಿಯ ಗೌರವಿಸಿದರು. ಅವರು ತೋರಿಸಿದ ಗುಂಡಿ ಒತ್ತಿ, ಗುಂಡನೆಯ ಹಿಡಿಕೆ ತಿರುಗಿಸಿ ಕಿವಿಗೊಟ್ಟೆ. ಏನೂ ಕೇಳಿಸಲಿಲ್ಲ. ಹೊಸ ಕಾರು ಮೊದಲ ದಿನವೇ ಕೈಕೊಟ್ಟಿತೆಂದು ನನಗೆ ಒಳಗೊಳಗೇ ಎಂಥ ಸಂತೋಷವಾಯಿತೆಂದರೆ, ಮಗಳ ಕಾರು ಎಂಬುದನ್ನೂ ಮರೆತು ಕಿಟಕಿಯಿಂದ ತಲೆ ಹೊರಗೆ ಹಾಕಿ, ನಾಲ್ಕು ಮಂದಿ ತಳ್ಳಿರಿ ಎಂದು ಕೂಗಿದೆ. ನಮ್ಮ ಕಡೆ ಈ ಮಾತಿಗೆ ಯಾರೂ ಯಾಕೆ ಎಂದು ಕೇಳುವುದಿಲ್ಲ, ತಳ್ಳುವುದೇ. ಖಾಜಾಭಾಯಿ, ಅಳಿಯ, ಪೂಜೆ ಮಾಡಿದ ಅಯ್ಯನವರು, ಪಕ್ಕದ ಮನೆಯವರು ಸೊಂಟ ಬಿಗಿದು ಹಿಂದಿನಿಂದ ಒತ್ತಿದರು. ಜೀಪಿನ ರೂಢಿಯಂತೆ ನಾನು ಎಕ್ಸಲರೇಟರ್ ತುಳಿದೆ. ಚಾಲೂ ಆಗಿಯೇ ಇದ್ದ ಕಾರು ಅವರ ಕೈಯಿಂದ ಜಾರಿ ಮುಂದಕ್ಕೆ ಹೋಯಿತು. ನಾಲ್ವರೂ ರಂಗೋಲಿಯ ಮೇಲೆ ಅಡ್ಡಬಿದ್ದರು. ಕಾರಿಗೆ ಇಷ್ಟು ಭಕ್ತಿಯಿಂದ ನಮಸ್ಕಾರ ಮಾಡಿದವರನ್ನು ಅಯ್ಯನವರೂ ಅದುವರೆಗೆ ಕಂಡಿರಲಿಲ್ಲವಂತೆ.

ಆ ಕಾರನ್ನು ಮುಟ್ಟುವುದಿಲ್ಲವೆಂದು ಅಂದೇ ಅಂದುಕೊಂಡಿದ್ದೆ. ಆದರೆ ಭತ್ತದ ಸುಗ್ಗಿಯ ಹೊತ್ತಿಗೆ ಮಗಳು ಅಳಿಯ ಯಾವುದೋ ಮದುವೆಗೆ ರೈಲಿನಲ್ಲಿ ಹೈದರಾಬಾದಿಗೆ ಹೊರಟು, ಕಾರನ್ನು ಬೀದಿಯಲ್ಲಿ ನಿಲ್ಲಿಸುವುದು ಬೇಡವೆಂದು ನಮ್ಮ ಅಂಗಳಕ್ಕೆ ತಂದು ಬಿಟ್ಟು ಹೋದರು. ಅದೇ ವಾರ ನೀಲಮ್ಮಕ್ಕನವರಿಗೆ ಕಣ್ಣಿನ ಪೊರೆ ತೆಗೆಸಿ ಮನೆಗೆ ಕರೆತಂದ ಸುದ್ದಿ ಬಂತು. ನನ್ನ ಜೀಪಿನ ಗೇರ್‌ಬಾಕ್ಸು ಖಾಜಾಭಾಯಿಯ ಅಂಗಡಿಯಲ್ಲಿ ಗೋಣಿಚೀಲದ ಮೇಲೆ ಬಿಚ್ಚಿಕೊಂಡು ಬಿದ್ದಿತ್ತು. ಅದು ಸಿದ್ಧವಾಗಲಿ, ಹೋಗೋಣ ಎಂದೆ. ಮಹಾದೇವಿ ಒಪ್ಪಲಿಲ್ಲ.

"ಇಷ್ಟು ವರ್ಷ ಹೋಗಿ ಅಕ್ಕನ ಕಡಿಂದ ಸೇವಾ ಮಾಡಿಸ್ಕೊಂಡು ಬಂದೀನ್ರಿ. ಈಗ ಅಕಿ ಕಣ್ಣು ಕಟ್ಟಿಸ್ಕೊಂಡು ಮಲಗ್ಯಾಳ. ನಾನೂ ಹೋಗಿ ಮಗ್ಗಲಾಗ ಮಲಗಿದ್ರ ನೋಡೋರ್ಯಾರು? ಒಂದಿನರ ಅಕಿ ಮಗ್ಗಲಾಗ ಎದ್ದು ಕುಂದ್ರಬೇಕು ನಾ."

ನಾನು ಮಗಳ ಕಾರಿನ ಕೀಲಿ ಹುಡುಕಿ ತೆಗೆದೆ. ಮರುದಿನ ಬೆಳಿಗ್ಗೆ ಎಂದಿನಂತೆ ಪತ್ರಿಕೆ ಹಾಸಿದೆ. ಅವಳು ನಿಂಬೆಹಣ್ಣು ಹಿಡಿದು, ಸೆರಗು ಮೂಗಿಗೊತ್ತಿ, ಕಣ್ಣು ಗಟ್ಟಿಯಾಗಿ ಮುಚ್ಚಿ ಕುಳಿತಳು. ಈ ಸಲ ಯಾರನ್ನೂ ತಳ್ಳಲು ಕರೆಯದೆ ನಾನು ಕಾರು ಹೊರಡಿಸಿದೆ, ಮಗಳ ಕಾರೆಂದು ಅಂಜಿ ಮೆಲ್ಲಗೇ ನಡೆಸಿದೆ. ಬಜಾರು ದಾಟಿತು, ಹತ್ತಿಯ ಮಿಲ್ಲುಗಳು ದಾಟಿದವು. ಅವಳು ಅಲುಗಾಡಲಿಲ್ಲ. ಭೀಮರಾಯನಗುಡಿಯೂ ಹಿಂದಾದ ಮೇಲೆ ಸೆರಗಿನೊಳಗಿಂದ ಸಣ್ಣ ದನಿ ಬಂತು.

"ಇನ್ನೂ ಚಾಲೂ ಮಾಡಿಲ್ಲೇನ್ರಿ? ಹೊತ್ತಾಗ್ತದ ನೋಡ್ರಿ."

ಭೀಮರಾಯನಗುಡಿ ಹಿಂದಾಯಿತು ಎಂದೆ. ಅವಳು ಮೊದಲು ಒಂದು ಕಣ್ಣು ತೆರೆದಳು. ಏನೂ ಆಗಲಿಲ್ಲವೆಂದು ಖಾತ್ರಿಯಾದ ಮೇಲೆ ಇನ್ನೊಂದನ್ನೂ ತೆರೆದಳು. ಸೆರಗು ನಿಧಾನವಾಗಿ ಮಡಿಲಿಗಿಳಿಯಿತು. ರಸ್ತೆಯ ಒಂದು ಬದಿಗೆ ಕಲ್ಲು ಸಾಲಿಟ್ಟು ಭತ್ತ ಒಣಹಾಕಿದ್ದರು, ಆಚೆ ಕೊಯ್ದ ಗದ್ದೆಯಲ್ಲಿ ಬೆಳ್ಳಕ್ಕಿಗಳು, ಅದರಾಚೆ ತುಂಬಿ ಹರಿಯುವ ಕಾಲುವೆ. ಅವಳು ಕಿಟಕಿಗೆ ಹಣೆ ಹಚ್ಚಿ ನೋಡಿದಳು.

"ಇಲ್ಲಿ ಕಾಲುವಿ ಯಾವಾಗ ಆತ್ರಿ?" ಎಂದು ಕೇಳಿದಳು.

ಆ ಕಾಲುವೆ ನಮ್ಮ ಮದುವೆಗಿಂತ ಹಳೆಯದು. ಈ ದಾರಿಯಲ್ಲಿ ಹೋದಾಗೆಲ್ಲ, ನೋಡು ಮಹಾದೇವಿ ಎಡಕ್ಕೆ ಕಾಲುವೆ, ನೋಡು ಬಲಕ್ಕೆ ಗುಡ್ಡ, ಇಲ್ಲಿ ಮೊದಲು ಬರೀ ಕರ್ಕಿ ಹುಲ್ಲು ಇತ್ತು ಎಂದು ನಾನು ಒಂದೇ ಸಮನೆ ವರ್ಣಿಸುತ್ತಿದ್ದೆ. ಅವಳು ಹ್ಞೂಂ ಎನ್ನುತ್ತಿದ್ದಳು. ಅದನ್ನು ನಾನು ಮೆಚ್ಚುಗೆ ಎಂದು ತಿಳಿದಿದ್ದೆ. ಬಾಯಿ ತೆರೆದರೆ ಅನಾಹುತವಾದೀತೆಂದು ಆ ಹೆಣ್ಣುಮಗಳು ಹಲ್ಲು ಕಚ್ಚಿ ಹೊರಡಿಸುತ್ತಿದ್ದ ಸದ್ದು ಅದು. ಹುಟ್ಟಿದೂರಿನ ದಾರಿಯನ್ನೇ ಅವಳು ಮದುವೆಯಾದ ಮೇಲೆ ನೋಡಿರಲಿಲ್ಲ. ಇದನ್ನು ನೆನೆದು ನನಗೆ ಬಹಳ ಸಂಕಟವಾಯಿತು. ಕಾರು ನಿಲ್ಲಿಸಿ, ಇಳಿದು ನೋಡುತ್ತೀಯಾ ಎಂದು ಕೇಳಿದೆ. ಮೊದಲು ಅಕ್ಕ, ಬರುವಾಗ ಕಾಲುವೆ ಎಂದಳು.

ಸುರಪುರದಲ್ಲಿ ನಾವು ಬಂದದ್ದು ಯಾರಿಗೂ ಕೇಳಿಸಲಿಲ್ಲ. ಮಹಾದೇವಿ ತಾನೇ ಬಾಗಿಲು ತೆಗೆದು ಇಳಿದು, ಚಪ್ಪಲಿ ಬಿಟ್ಟು ಒಳಗೆ ನಡೆದಳು. ಪಡಸಾಲೆಯ ಹೊರಸಿನ ಮೇಲೆ ನೀಲಮ್ಮಕ್ಕ ಒಂದು ಕಣ್ಣಿಗೆ ಪಟ್ಟಿ ಕಟ್ಟಿಸಿಕೊಂಡು, ಇನ್ನೊಂದನ್ನು ಮುಚ್ಚಿಕೊಂಡು ಮಲಗಿದ್ದರು. ಯಾರು ಎಂದು ಕೇಳಿದರು. ನಾನು ಅಕ್ಕ, ಮಾದೇವಿ ಎಂದಳು ಇವಳು.

"ಸುಳ್ಳ ಹೇಳಬ್ಯಾಡ್ರಿ. ನಮ್ಮ ಮಾದೇವಿ ಆಗಿದ್ರ ಇಷ್ಟೊತ್ತಿಗೆ ಮಲ್ಕೊಂಡಿರ್ತಿದ್ಲು," ಎಂದರು ಅಕ್ಕ.

ಇವಳು ಅವರ ಕೈಯನ್ನು ಎತ್ತಿ ತನ್ನ ಕೆನ್ನೆಗೆ ಇಟ್ಟುಕೊಂಡಳು. ಅಕ್ಕ ಕೆನ್ನೆ ಸವರಿದರು, ರೂಢಿಯಿಂದ ಹಣೆಯನ್ನೂ ಮುಟ್ಟಿ ನೋಡಿದರು, ಬೆವರಿರಲಿಲ್ಲ. ಆಮೇಲೆ ಇಬ್ಬರೂ ಒಂದೇ ಸಲಕ್ಕೆ ಮಾತಾಡತೊಡಗಿದರು. ಅಂದು ದಿನವಿಡೀ ಮಹಾದೇವಿ ಎದ್ದೇ ಇದ್ದಳು. ರೊಟ್ಟಿ ಬಡಿದಳು, ಹಾಲಲ್ಲಿ ಮುರಿದು ಅಕ್ಕನಿಗೆ ತಿನ್ನಿಸಿದಳು, ಹೇಳಿದ ಹೊತ್ತಿಗೆ ಕಣ್ಣಿಗೆ ಹನಿ ಹಾಕಿದಳು, ಜಡೆ ಹೆಣೆದಳು. ನಾನು ಹೊರಗೆ ಕಟ್ಟೆಯ ಮೇಲೆ ಕುಳಿತು ಕಾರಿನಲ್ಲಿ ಹೊಸ ದೋಷಗಳನ್ನು ಹುಡುಕಲು ನೋಡಿದೆ. ಒಳಗಿಂದ ಅವರಿಬ್ಬರ ನಗು ಕೇಳುತ್ತಿತ್ತು, ಗಮನ ನಿಲ್ಲಲಿಲ್ಲ. ಹೊತ್ತಾಯಿತೆಂದು ಕೀಲಿ ಆಡಿಸುವ ಧೈರ್ಯವೂ ಬರಲಿಲ್ಲ.

ಬಿಸಿಲಿಳಿದ ಮೇಲೆ ಹೊರಟೆವು. ಮಾತು ಕೊಟ್ಟಂತೆ ಕಾಲುವೆಯ ಹತ್ತಿರ ನಿಲ್ಲಿಸಿದೆ. ಅವಳು ದಂಡೆಯ ಮೇಲೆ ನಿಂತು ನೀರನ್ನೇ ನೋಡುತ್ತ, ಎಲ್ಲಿಂದ ಬರುತ್ತದೆ, ಎಲ್ಲಿಗೆ ಹೋಗುತ್ತದೆ ಎಂದೆಲ್ಲ ಕೇಳಿದಳು. ಸಾವಿರ ಸಲ ಹೇಳಿದ್ದನ್ನು ನಾನು ಮೊದಲ ಸಲ ಹೇಳುವಂತೆ ಹೇಳಿದೆ. ಹೇಳಲು ಬಹಳ ಹಿತವಾಗಿತ್ತು. ಆ ಉಮೇದಿನಲ್ಲೇ ಕಾರು ಹತ್ತಿ, ಎಂದಿನ ನನ್ನ ಗತ್ತಿನಲ್ಲಿ ಹೊಡೆಯತೊಡಗಿದೆ. ಒಂದು ಕಬ್ಬಿನ ಟ್ರ್ಯಾಕ್ಟರನ್ನು ಎಡಗಡೆಯಿಂದಲೇ ಹಿಂದೆ ಹಾಕಿದೆ. ಎದುರು ಬಂದ ಲಾರಿಗೆ ಕೊನೆಯ ಗಳಿಗೆಯಲ್ಲಿ ದಾರಿ ಬಿಟ್ಟೆ. ಭತ್ತದ ಕಲ್ಲುಗಳಿಗೆ ಗಾಲಿ ತಾಗಿತೋ ಇಲ್ಲವೋ ಎಂಬಂತೆ ನುಸುಳಿ, ಕುರಿ ಹಿಂಡಿನ ಮುಂದೆ ಜೋರಾಗಿ ಬ್ರೇಕು ಒತ್ತಿ, ಮತ್ತೆ ಒಮ್ಮೆಲೇ ಎಳೆದೆ. ಪಕ್ಕದಲ್ಲಿ ಮಹಾದೇವಿ ಎರಡೂ ಕೈಯಿಂದ ಸೀಟನ್ನು ಹಿಡಿದಿದ್ದಳು. ಕಣ್ಣುಗಳು ಪೂರ್ತಿ ತೆರೆದಿದ್ದವು.

"ನೀವು ಮೊದಲಿಂದ್ಲೂ ಹಿಂಗೇ ಹೊಡೀತೀರೇನ್ರಿ?" ಎಂದಳು.

ಮೊದಲಿನಿಂದಲೂ ಹೀಗೇ ಎಂದೆ, ಸ್ವಲ್ಪ ಜಂಬದಿಂದಲೇ.

"ನಾ ಸುಮ್ಮ ಸುಮ್ಮನ ಡೀಸೆಲ್ ಮ್ಯಾಲ ತಪ್ಪು ಹೊರಿಸಿದೆ," ಎಂದಳು.

ಅಲ್ಲಿಂದ ಶಹಾಪುರದವರೆಗೆ ನಾನು ಹೊಡೆದ ರೀತಿಗೆ ಹಾಲಿನ ಕ್ಯಾನು ಕಟ್ಟಿದ ಸೈಕಲ್ಲೊಂದು ನಮ್ಮನ್ನು ಹಿಂದೆ ಹಾಕಿ ಹೋಯಿತು. ಅವಳು ಗುಡ್ಡ ನೋಡಿದಳು, ಗದ್ದೆ ನೋಡಿದಳು, ನಡುನಡುವೆ ನನ್ನ ಕಾಲಿನ ಕಡೆಗೂ ನೋಡಿದಳು. ಸಂಜೆ ಸವಿತಾ ಫೋನ್ ಮಾಡಿ, ಕಾರು ಹೇಗಿದೆ ಎಂದು ಕೇಳಿದಳು. ನನ್ನ ಅಭಿಪ್ರಾಯ ಹೇಳಲು ಬಾಯಿ ತೆರೆಯುವಷ್ಟರಲ್ಲಿ ಮಹಾದೇವಿ ಫೋನ್ ಕಸಿದುಕೊಂಡು, "ಕಾರ್ ಭಾಳ ಚಲೋ ಅದವ್ವಾ. ಹೊಡಿಯೋರು ಇವತ್ತಿಂದ ಕಲಿಯಾಕತ್ಯಾರ," ಎಂದಳು. ಮರುದಿನ ನನಗೆ ಯಾದಗಿರಿಯಲ್ಲಿ ಕೆಲಸವಿತ್ತು, ತಾನೂ ಬರುತ್ತೇನೆಂದು ಅವಳು ಆಗಲೇ ಹೇಳಿಯಾಗಿತ್ತು.